ಅಡುಗೆಮನೆಯ ಹನ್ನೊಂದು ಜಾಯಿಂಟು

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ಅಲಾರಂ ಕೂಗಿದಲ್ಲಿಂದ ಎಂದು ನಾನು. ಎಂಬತ್ತೇಳನೇ ಇಸವಿಯಿಂದ ಎಂದು ಅಪ್ಪ. "ಶುರುನೇ ಮಾಡಬ್ಯಾಡ, ಊರಿಗೆಲ್ಲಾ ಗೊತ್ತಾಗ್ಲಿ ಅಂತೇನು?" ಎಂದು ಅವ್ವ. ಬರೆಯುವವಳು ನಾನಾದ್ದರಿಂದ, ಅಲಾರಂ ಕೂಗಲಿ.

(ಕೂಗಿತು. ಅವ್ವ ಕಿವಿ ಮುಚ್ಚಿಕೊಂಡಳು. ಓದುಗರು ಒಂದು ನಿಮಿಷ ತಡೆದುಕೊಳ್ಳಬೇಕು.)

ನಾನು ಸಂಘಮಿತ್ರಾ. ನ್ಯಾಮತಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹೊನ್ನಾಳಿಯಲ್ಲಿ ಅಪ್ಪ ಪಾಪಣ್ಣ ಮತ್ತು ಅವ್ವ ಅಂಜಮ್ಮನ ಜೊತೆ ಇದ್ದೇನೆ. ಅಪ್ಪ ಒಂದು ಕಾಲದಲ್ಲಿ ವೈರ್‌ಮನ್. ಜಗಳೂರು, ಚನ್ನಗಿರಿ ಕಡೆಯ ಎಷ್ಟೋ ಮನೆಗಳಿಗೆ ಮೊದಲ ಬಲ್ಬು ಹಾಕಿದವನು. ನಮ್ಮ ಮನೆಯ ವೈರಿಂಗೂ ಅವನದೇ: ಗೋಡೆಗೆ ಹೊಡೆದ ಮರದ ಪಟ್ಟಿ, ಪಟ್ಟಿಯ ಒಳಗೆ ವೈರು, ಮೇಲೆ ವರ್ಷಕ್ಕೊಮ್ಮೆ ಬಳಿದ ಸುಣ್ಣ.

೨
ಮೊದಲ ಡ್ರಾಫ್ಟ್ ತಮಾಷೆಯದಾಗಿತ್ತು.

ಹೋದ ವರ್ಷ ನಮ್ಮ ಶಾಲೆಯ ಪುಷ್ಪಾ ಮೇಡಂ ಮನೆಯಲ್ಲಿ ಫ್ರಿಜ್ಜಿನ ಹಿಂದಿನ ವೈರು ಹೊತ್ತಿ ಗೋಡೆಯೆಲ್ಲ ಕಪ್ಪಾಯಿತು. ಹೆದರಿ ನಾನೊಂದು ಹೊಗೆ ಅಲಾರಂ ತಂದು ಅಡುಗೆಮನೆಯ ಸೂರಿಗೆ ಅಂಟಿಸಿದೆ. ಅದೇ ತಿಂಗಳು, ಅಪ್ಪ ಬೇಡಬೇಡವೆಂದರೂ, ಅವ್ವನಿಗೊಂದು ಮಿಕ್ಸಿಯನ್ನೂ ತಂದೆ. "ರುಬ್ಬುಗುಂಡಿನ ರುಚಿ ಬರಲ್ಲ" ಎಂಬುದು ಅವನ ಹಳೆಯ ವಾದ. ಚಿಕ್ಕವಳಿದ್ದಾಗಿನಿಂದ ಕೇಳುತ್ತಿದ್ದೆ. ಬಲ್ಬಿನ ಬೋರ್ಡಿನಲ್ಲೇ ಒಂದು ಪ್ಲಗ್ ಇತ್ತು, ಅದಕ್ಕೇ ಸಿಗಿಸಿದೆ.

ಅಲ್ಲಿಂದ ಶುರುವಾಯಿತು ನೋಡಿ. ಬೆಳಿಗ್ಗೆ ಚಟ್ನಿ ರುಬ್ಬಿ ಒಗ್ಗರಣೆ ಹಾಕಿದರೆ ಸಾಕು, ಅಲಾರಂ ಬಾಯಿ ಬಡಿದುಕೊಳ್ಳುತ್ತಿತ್ತು. ಅವ್ವ ಮೊರ ಹಿಡಿದು ಗಾಳಿ ಬೀಸುತ್ತಿದ್ದಳು. ಅಪ್ಪ ಕೋಲಿನಿಂದ ಬಟನ್ ಕುಟ್ಟುತ್ತಿದ್ದ. ಪಕ್ಕದ ಮನೆ ಹನುಮಂತಮ್ಮ ಕಾಂಪೌಂಡಿನಾಚೆಯಿಂದ "ಇವತ್ತೇನು, ಚಿತ್ರಾನ್ನಾನಾ?" ಎಂದು ಕೂಗುತ್ತಿದ್ದರು. ಅಪ್ಪ ಬ್ಯಾಟರಿ ಬಿಚ್ಚಿಡುತ್ತಿದ್ದ, ನಾನು ಹಾಕುತ್ತಿದ್ದೆ. ಮತ್ತೆ ಬಿಚ್ಚಿಡುತ್ತಿದ್ದ.

ಇಷ್ಟು ಬರೆದು ಓದಿ ತೋರಿಸಿದೆ. ಹನುಮಂತಮ್ಮ ನಕ್ಕರು. ಅಪ್ಪ ನಗಲಿಲ್ಲ. ಆ ಡ್ರಾಫ್ಟ್ ಹರಿದು ಹಾಕಿದೆ.

೩
ಒಂದು ಭಾನುವಾರ ಬೆಳಿಗ್ಗೆ ಸಿಲಿಂಡರ್ ಮುಗಿದಿತ್ತು. ಅವ್ವ ಮಿಕ್ಸಿಯಲ್ಲಿ ದೋಸೆಗೆ ಉದ್ದಿನಬೇಳೆ ರುಬ್ಬುತ್ತಿದ್ದಳು. ಅಲಾರಂ ಕೂಗಿತು.

"ಅವ್ವಾ, ಒಲೆ ಆರ್ಸು!"

"ಸಿಲಿಂಡರೇ ಖಾಲಿ ಆಗೈತಲ್ಲೇ. ಎಲ್ಲಿಂದ ಹಚ್ಲಿ?"

ಒಲೆ ಇಲ್ಲ, ಒಗ್ಗರಣೆ ಇಲ್ಲ, ಮೆಣಸಿನಕಾಯಿ ಘಾಟಿಲ್ಲ. ಆದರೂ ಕೂಗುತ್ತಿದೆ. ಸುಟ್ಟ ರಬ್ಬರಿನ ವಾಸನೆ ಆಗ ನನ್ನ ಮೂಗಿಗೆ ಬಂತು. ಮರದ ಪಟ್ಟಿಯ ಮೇಲೆ ಅಂಗೈ ಇಟ್ಟರೆ ಕಾದ ತವದ ಹಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ, ಮೊಣಕಾಲು ನೋವಿನ, ಎಪ್ಪತ್ತನಾಲ್ಕರ ನನ್ನಪ್ಪ ಓಡಿಹೋಗಿ ಪಡಸಾಲೆಯ ಮೇನ್ ಸ್ವಿಚ್ ಇಳಿಸಿದ್ದ. ಏನಾಯಿತೆಂದು ಕೇಳಲೇ ಇಲ್ಲ.

(ಪ್ರತಿವರ್ಷ ಹತ್ತನೇ ಕ್ಲಾಸಿಗೆ ಓಮನ ನಿಯಮ ಹೇಳಿಕೊಡುವವಳು ನಾನು. ಬಲ್ಬಿನ ವೈರಿಗೆ ಮಿಕ್ಸಿ ಸಿಗಿಸಿದವಳೂ ನಾನೇ. ನನ್ನ ವಿದ್ಯಾರ್ಥಿಗಳು ಇದನ್ನು ಓದದಿರಲಿ.)

ಇಲ್ಲಿ ಅಪ್ಪನದೊಂದು ತಕರಾರಿದೆ. "ವೈರು ಕಾಯೋದು ನಂಗೆ ಮೊದ್ಲೇ ಗೊತ್ತಿತ್ತು ಅಂತ ಬರೀಬ್ಯಾಡ. ಅನುಮಾನ ಇತ್ತು, ಅಷ್ಟೇ."

"ಅನುಮಾನ ಇದ್ದೂ ಬ್ಯಾಟರಿ ತೆಗೀತಿದ್ದೆಯಲ್ಲಪ್ಪಾ?"

"ಅದು ಸುಮ್ಮನಾದ್ರೆ ಸಾಕು ಅನ್ನಿಸ್ತಿತ್ತು ಕಣಮ್ಮಾ."

ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದೇನೆ.

೪
"ಯಾರನ್ನೂ ಕರೀಬ್ಯಾಡ, ನಾನೇ ನೋಡ್ತೀನಿ" ಎಂದು ಅಪ್ಪ ಹಟ ಹಿಡಿದ. ನಾನು ಕೇಳದೆ ವಿನಯ್ ಕುಮಾರನಿಗೆ ಫೋನ್ ಮಾಡಿದೆ. ಹದಿನೈದು ವರ್ಷದ ಹಿಂದೆ ನನ್ನ ವಿದ್ಯಾರ್ಥಿ, ಈಗ ಊರಿಗೆಲ್ಲ ಬೇಕಾದ ಎಲೆಕ್ಟ್ರಿಷಿಯನ್. ಅವನು ಸ್ಕ್ರೂಡ್ರೈವರ್ ತೂರಿಸಿ ಪಟ್ಟಿಯ ಮುಚ್ಚಳ ಎಬ್ಬಿಸಿದ.

"ಇದೇನ್ ಮೇಡಂ, ವೈರಾ, ಹೂವಿನ ಮಾಲೆನಾ? ಗಂಟಿಂದ ಗಂಟಿಗೆ ಒಂದೊಂದು ಬಣ್ಣ ಐತಲ್ಲ! ಹನ್ನೊಂದು ಜಾಯಿಂಟು. ಯಾವ ಪುಣ್ಯಾತ್ಮ ಮಾಡಿದ್ದು ರೀ ಇದು?"

"ನಾನೇ" ಎಂದ ಅಪ್ಪ.

ವಿನಯ್ ನಾಲಿಗೆ ಕಚ್ಚಿಕೊಂಡ. ಮೂರನೇ ಜಾಯಿಂಟಿನ ಕೆಳಗೆ ಮರ ಒಂದು ಬೆರಳುದ್ದ ಇದ್ದಿಲಾಗಿತ್ತು. ಅದರಿಂದ ಎರಡು ಗೇಣು ಮೇಲೆ ಸೂರಿನ ಒಣಗಿದ ತೊಲೆ.

ಅಪ್ಪ ನೆಲದ ಮೇಲೆ ಕೂತು ತುಂಡುಗಳನ್ನು ಒಂದೊಂದಾಗಿ ಮಡಿಲಿಗೆ ಎಳೆದುಕೊಂಡ. ಕಂತ್ರಾಟುದಾರನ ಕೈಕೆಳಗೆ ದುಡಿಯುವಾಗ ಮನೆಮನೆಯಲ್ಲಿ ಉಳಿದು ಬಿಸಾಡಿದ ತುಂಡುಗಳೇ ಅವು. ಒಂದು ವರ್ಷ ಜೋಪಾನ ಮಾಡಿ, ಒಂದಕ್ಕೊಂದು ಹೊಸೆದು ನಮ್ಮ ಅಡುಗೆಮನೆಗೆ ಬೆಳಕು ತಂದಿದ್ದ.

"ಈ ಕೆಂಪುದು ಬಿಳಿಚೋಡಿನ ದುರುಗಮ್ಮಂದು. ಬಲ್ಬು ಹತ್ತಿದಾಗ ಆವಮ್ಮ ನನ್ನ ಕೈಗೆ ಬೆಲ್ಲ ಕೊಟ್ಟಳು. ಈ ಬೂದಿ ಬಣ್ಣದ್ದು ಬಸವಾಪಟ್ಟಣದ ಮುರುಗೇಶಪ್ಪಂದು, ಉದ್ದ ಬಿಟ್ಟಿದ್ದೆ ಅಂತ ಬೈದಿದ್ರು. ಇದು ಸೂಳೆಕೆರೆ ಏರಿ ಕೆಳಗೆ ಮೀನು ಮಾರೋರ ಮನೇದು. ಅಲ್ಲಿ ಮಳೆ ಬಂತು, ಮೂರು ದಿನ ಅವರ ಮನೇಲೇ ಉಂಡೆ."

ಕರಿ ತುಂಡೊಂದನ್ನು ಎತ್ತಿ ಬೆರಳಿಗೆ ಸುತ್ತಿಕೊಂಡ.

"ಇದು ಚನ್ನಗಿರಿ ಕಡೇದು. ಹೆಸರು ಬ್ಯಾಡ. ಮನೆಯೆಲ್ಲಾ ವೈರಿಂಗ್ ಮಾಡಿಸ್ಕಂಡ್ರು, ಅಡುಗೆಮನೆಗೆ ಮಾತ್ರ ಬಿಡ್ಲಿಲ್ಲ. ಹೊರಗೆ ನಿಂತು ಹೇಳ್ಕೊಟ್ಟೆ, ಅವರೇ ಹಾಕ್ಕಂಡ್ರು. ಅವತ್ತು ಬಸ್ಸಲ್ಲಿ ಬರ್ತಾ ಅನ್ಕಂಡೆ, ನಮ್ಮ ಮನೇಲಿ ಮೊದಲ ಬಲ್ಬು ಅಡುಗೆಮನೆಗೇ ಹಾಕಾದು ಅಂತ."

ಅಪ್ಪನ ಎಂಬತ್ತೇಳನೇ ಇಸವಿ ಇಲ್ಲಿ ಬಂತು. ಆಗ ನನಗೆ ಮೂರು ವರ್ಷ. ನೋಡಿದ್ದು ನೆನಪಿದೆಯೋ, ಕೇಳಿ ಕೇಳಿ ನೋಡಿದಂತಾಗಿದೆಯೋ ಗೊತ್ತಿಲ್ಲ. ಮುಸ್ಸಂಜೆ. ಅಪ್ಪ ಸ್ವಿಚ್ ಒತ್ತುತ್ತಾನೆ. ಓಣಿಯವರೆಲ್ಲ ಬಾಗಿಲಲ್ಲಿ ನಿಂತಿದ್ದಾರೆ. ಹಳದಿ ಬೆಳಕಿನಲ್ಲಿ ಅವ್ವ ಮೊದಲು ಕಂಡದ್ದು ಗೋಡೆಯ ಮಸಿ. "ಅಯ್ಯೋ, ಇಷ್ಟು ಹೊಲಸಿತ್ತಾ!" ಎಂದು ಸೆರಗು ಸಿಕ್ಕಿಸಿ ಆಗಲೇ ಉಜ್ಜಲು ನಿಂತಳಂತೆ. ಮರುದಿನ ಇಡೀ ಓಣಿಗೆ ಹೇಳಿಕೊಂಡು ಬಂದಳಂತೆ: ದಾವಣಗೆರೆಯಿಂದ ಹೊಸಾ ವೈರಿನ ಕಾಯಿಲು ತಂದು ಹಾಕಿದಾರೆ, ನಮ್ಮನೆಯವರು.

(ಕಥೆಯನ್ನು ಇಲ್ಲೇ, ಆ ಹಳದಿ ಬೆಳಕಿನಲ್ಲೇ ನಿಲ್ಲಿಸುವ ಆಸೆ ನನಗೆ ಬಹಳ ಇತ್ತು. ನಿಮಗೂ ಅನ್ನಿಸಿರಬಹುದು. ಆದರೆ ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.)

೫
"ಹೊಸಾ ಕಾಯಿಲು ಅಂದಿದ್ರಲ್ಲ ರೀ?"

ಅಪ್ಪ ಮಡಿಲಿನ ತುಂಡುಗಳನ್ನು ಒಟ್ಟು ಮಾಡತೊಡಗಿದ.

"ತುಂಡು ಆದ್ರೆ ತುಂಡು, ನಂಗೇನು. ಬೆಳಕು ಬೆಳಕೇ. ಆದ್ರೆ ಹಂಗಾದ್ರೆ, ಮಿಕ್ಸಿ ಬ್ಯಾಡ ಅಂತಿದ್ದಿದ್ದು ರುಚಿಗಲ್ಲ."

"ಆ ವೈರು ಲೋಡು ತಡೀತಿರ್ಲಿಲ್ಲ, ಅಂಜಮ್ಮ."

"ನಮ್ಮಣ್ಣ ಕೊಟ್ಟ ಮಿಕ್ಸೀನ ನಿಮ್ಮ ತಂಗಿಗೆ ಕೊಟ್ಟು ಬಂದ್ರಿ. ರುಚಿ, ರುಚಿ ಅಂತ ನಾನು ಅಷ್ಟು ವರ್ಷ ಗುಂಡು ತಿರುವಿದೆ. ಈಗ ತಲೆ ಬಾಚ್ಕಳಾಕೆ ಕೈ ಏಳಲ್ಲ. ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

"ಹೇಳಾಕೆ ನಾಚಿಕೆ ಆತು."

"ನಾಚಿಕೆ ನಿಮ್ದು. ಭುಜ ನಂದು."

ವಿನಯ್ ಕುಮಾರ್ ಯಾವುದೋ ಸಾಮಾನು ತರುವ ನೆಪ ಹೇಳಿ ಹೊರಗೆ ಹೋದ. ನಾನೂ ಹೋಗಬೇಕಿತ್ತು, ಹೋಗಲಿಲ್ಲ. ಬರೆಯುವವರ ಚಟ.

೬
ಎರಡು ದಿನದಲ್ಲಿ ಹೊಸ ವೈರು ಬಂತು, ಮಿಕ್ಸಿಗೇ ಬೇರೆ ಲೈನು. ಅಲಾರಂ ಈಗ ತೆಪ್ಪಗಿದೆ. ಮನೆಯೂ ತೆಪ್ಪಗಿದೆ. ಅವ್ವ ಅಪ್ಪನಿಗೆ ಹೇಳಬೇಕಾದ್ದನ್ನೆಲ್ಲ ನನ್ನ ಕೈಲಿ ಹೇಳಿಸುತ್ತಾಳೆ. ಊಟಕ್ಕೆ ಬರಾಕೆ ಹೇಳು. ಮಾತ್ರೆ ತಗೊಳಾಕೆ ಹೇಳು.

ಮುಕ್ತಾಯ ಒಂದು, ಅಪ್ಪನ ಸಲಹೆ: "ಅವಳು ನಕ್ಕಳು ಅಂತ ಬರಿ." ಅವಳು ನಕ್ಕಿಲ್ಲ.

ಮುಕ್ತಾಯ ಎರಡು, ನನ್ನದು. ದಿನಾ ಶಾಲೆಗೆ ಹೊರಡುವ ಮುನ್ನ ಅವ್ವನ ತಲೆ ಬಾಚುವವಳು ನಾನು. ಮೊನ್ನೆ ಬಸ್ಸಿಗೆ ಹೊತ್ತಾಗಿತ್ತು. ಅಪ್ಪ ಬಾಚಣಿಗೆ ಹಿಡಿದು ಬಂದು "ನಾನು ಬಾಚ್ಲಾ?" ಎಂದು ಕೇಳಿದ. ಅವಳು ಬೆನ್ನು ತಿರುಗಿಸಿ ಕೂತಳು, ಅವನು ಬಾಚಿದ. ಮುಗಿಯಿತು.

ಎಷ್ಟು ಚಂದದ ಮುಕ್ತಾಯ! ಆದರೆ ನಡೆದದ್ದು ಹಾಗಲ್ಲ. ಅವಳು "ಬ್ಯಾಡ. ಮಿತ್ರಾ ಬಾಚ್ತಾಳೆ" ಎಂದಳು. ಅವನ ಕೈಯಿಂದ ಬಾಚಣಿಗೆ ತೆಗೆದುಕೊಂಡು ನಾನು ಬಾಚಿದೆ. ಬಸ್ಸು ಹೋಯಿತು. ಅಪ್ಪ ಖಾಲಿ ಕೈಯಲ್ಲಿ ನಿಂತೇ ಇದ್ದ.

ಇವತ್ತು ಮಧ್ಯಾಹ್ನ ಎರಡನೇ ಮುಕ್ತಾಯವನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಸುಳ್ಳು ಬರೀಬ್ಯಾಡ. ಕ್ಷಮಿಸಿದ್ಲು ಅಂತ ಬರೀಬ್ಯಾಡ. ಕ್ಷಮಿಸ್ಲಿಲ್ಲ ಅಂತಾನೂ ಬ್ಯಾಡ. ಇನ್ನೂ ಯೋಚನೆ ಮಾಡ್ತಾವಳೆ ಅಂತ ಬರಿ."

ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತಿದ್ದ ಅಪ್ಪ ಪೇಪರ್ ಇಳಿಸದೆಯೇ ಹೇಳಿದ: "ಎಷ್ಟು ದಿನ ಯೋಚನೆ ಮಾಡ್ತಾಳಂತೆ, ಕೇಳು."

"ಮೂವತ್ತೆಂಟು ವರ್ಷ ಮುಚ್ಚಿಟ್ರಲ್ಲ. ಅಷ್ಟು ವರ್ಷ ಹಿಡೀತೈತೆ ಅಂತ ಹೇಳು."

ಅಪ್ಪ ಪೇಪರಿನ ಪುಟ ತಿರುವಿದ.

"ಆತು. ಕಾಯ್ತೀನಿ ಅಂತ ಹೇಳು."

ನಾನು ಹೇಳಲಿಲ್ಲ. ಅವಳಿಗೆ ಕೇಳಿಸಿತ್ತು.