ಅಮಲಿಲ್ಲದ ಬಾಟಲಿ

ಗಂಡ ಕುಡಿತ ಬಿಟ್ಟರೂ ಹೆಂಡತಿಯ ಮೂಗು ಕಾವಲು ಬಿಡುವುದಿಲ್ಲ. ಕನ್ನಡಿ ಅಂಗಡಿಯವನ ಹೆಂಡತಿಗೂ ಹಾಗೇ ಆಗಿತ್ತು. ಅವನು ಬಿಯರ್ ಬಿಟ್ಟು ಹದಿನಾಲ್ಕು ತಿಂಗಳು. ಆದರೂ ಅವನು ಹೊರಗಿನಿಂದ ಬಂದಾಗಲೆಲ್ಲ ಅವಳು ಏನಾದರೊಂದು ನೆಪ ತೆಗೆದು ಹತ್ತಿರ ಹೋಗುತ್ತಿದ್ದಳು. ಅವನ ಉಸಿರು ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆಯೇ ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದಳು.

ಒಂದು ಮಧ್ಯಾಹ್ನ, ದಿಂಬಿನ ಚೀಲವೊಂದಕ್ಕೆ ಅಂಚು ಹೊಲಿಯುತ್ತಿದ್ದಾಗ, ಆ ವಾಸನೆ ಬಂತು. ನೆನೆದು ಹುಳಿ ಬಂದ ಧಾನ್ಯದ, ಸ್ವಲ್ಪ ಕಹಿಯಾದ ವಾಸನೆ. ಅವಳ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯುದ್ದಕ್ಕೂ ಕನ್ನಡಿಗಳನ್ನು ಒರಗಿಸಿಟ್ಟಿದ್ದರಿಂದ, ನಡುಬಾಗಿಲಲ್ಲಿ ನಿಂತವರಿಗೆ ಅವನು ಎಲ್ಲಿದ್ದಾನೆಂದು ತಿಳಿಯುವ ಮೊದಲೇ ಅವನ ಏಳೆಂಟು ಬೆನ್ನುಗಳು ಕಾಣುತ್ತಿದ್ದವು. ಆ ದಿನ ಅಷ್ಟೂ ಬೆನ್ನುಗಳು ಎಡಕ್ಕೆ ವಾಲಿದ್ದವು. ಕುಡಿಯುವ ಕಾಲದಲ್ಲಿ ಅವನು ಕೂರುತ್ತಿದ್ದದ್ದು ಹಾಗೆಯೇ. ಮೊಣಕೈ ಮೇಜಿನ ಮೇಲೆ, ತಲೆ ಭುಜದ ಮೇಲೆ, ತುಟಿಯಲ್ಲಿ ಅರ್ಧಕ್ಕೇ ನಿಲ್ಲುವ ಒಂದು ಶಿಳ್ಳೆ. ಆ ಶಿಳ್ಳೆಯನ್ನು ಅವಳು ಹದಿನಾಲ್ಕು ತಿಂಗಳಿಂದ ಕೇಳಿರಲಿಲ್ಲ.

"ರೀ..."

ಶಿಳ್ಳೆ ನಿಂತಿತು. ಕನ್ನಡಿಗಳೊಳಗಿನ ಮುಖಗಳೆಲ್ಲ ಒಟ್ಟಿಗೆ ಅವಳತ್ತ ತಿರುಗಿದವು.

"ಏನೇ, ದೆವ್ವ ಕಂಡವಳ ಹಾಗೆ ನಿಂತಿದೀಯಾ?" ಎಂದು ಅವನು ನಕ್ಕ. ಮಾತು ತೊದಲಲಿಲ್ಲ. ಕಣ್ಣು ತಿಳಿಯಾಗಿತ್ತು. "ಬಾ ಇಲ್ಲಿ, ಬಾಟಲಿ ಓದು. ಅಮಲಿಲ್ಲದ ಬಿಯರ್ ಇದು. ಎಷ್ಟು ದಪ್ಪ ಅಕ್ಷರದಲ್ಲಿ ಹಾಕಿದಾರೆ ನೋಡು. ಬಾರ್ಲಿ ನೀರು ಅಂತಿಟ್ಕೋ. ವಿಟಮಿನ್ ಕೂಡ ಇದೆಯಂತೆ."

ಒಳಗಿನಿಂದ ಅತ್ತೆಯ ದನಿ ಬಂತು. "ಅವನು ಕುಡೀತಾನೆ ಅಂತ ಅಳ್ತಿದ್ದೆ. ಈಗ ಬಾರ್ಲಿ ನೀರು ಕುಡಿದ್ರೂ ಅಳ್ತೀಯಾ? ಬಿಡಮ್ಮ ಅವನ ಪಾಡಿಗೆ ಅವನನ್ನ."

ಗಂಡ ಕುಡಿದಿಲ್ಲ. ಕುಡಿಯದ ಗಂಡನ ಮೇಲೆ ಯಾರ ಹತ್ತಿರ ದೂರು ಹೇಳುವುದು?

ದಿನಕ್ಕೊಂದಿದ್ದ ಬಾಟಲಿ ಎರಡಾಯಿತು. ತಿಂಗಳೊಳಗೆ ನಾಲ್ಕಾಯಿತು. ಬಿಟ್ಟುಹೋದನೆಂದು ಅವಳು ಅಂದುಕೊಂಡಿದ್ದ ಆ ಹಳೆಯ ಕುಡುಕ ಮನೆಗೆ ಒಂದೊಂದೇ ಹೆಜ್ಜೆ ಹಿಂದಿರುಗತೊಡಗಿದ. ಬಾಗಿಲು ತೆರೆದೇ ಇದ್ದರೂ ಎರಡು ಸಲ ತಟ್ಟುವುದು ಶುರುವಾಯಿತು. ಊಟದ ತಟ್ಟೆಯನ್ನು ದೂರ ತಳ್ಳುವುದು ಶುರುವಾಯಿತು. ಒಂದು ಬೆಳಗ್ಗೆ ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಖಾಲಿ ಬಾಟಲಿ ಸಿಕ್ಕಿತು. ಮೇಜಿನ ಮೇಲೆ ರಾಜಾರೋಷವಾಗಿ ಇಡಬಹುದಾದದ್ದನ್ನು ಅವನು ಬಚ್ಚಿಟ್ಟಿದ್ದ.

"ಯಾಕ್ರೀ ಇದನ್ನ ಇಲ್ಲಿಟ್ರಿ?"

ಅವನು ಬಾಟಲಿಯನ್ನು ಕೈಗೆ ತೆಗೆದುಕೊಂಡ. "ನಾನಾ? ನಾನಿಟ್ಟ ನೆನಪಿಲ್ಲ ಕಣೇ" ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ಭಯವಾದದ್ದೇ ಅದಕ್ಕೆ.

ಇನ್ನೊಂದು ಸಂಗತಿಯೂ ಇತ್ತು. ಬಚ್ಚಲಿನ ಮೂಲೆಯಿಂದ ಕಪ್ಪಿರುವೆಗಳ ಸಾಲು ಹೊರಟಿತ್ತು. ಎಷ್ಟು ತೊಳೆದರೂ ಮರುದಿನ ಮತ್ತೆ ಅದೇ ಜಾಗಕ್ಕೆ, ಅವನು ಮೂತ್ರ ಮಾಡುವ ಜಾಗಕ್ಕೆ, ಬಂದು ಮುತ್ತುತ್ತಿತ್ತು. ಅವನಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಗಿತ್ತು. ಈಚೆಗೆ ಎಷ್ಟು ನೀರು ಕುಡಿದರೂ ನಾಲಿಗೆ ಒಣಗುತ್ತದೆ ಎನ್ನುತ್ತಿದ್ದ. ಒಣಗಿದ ನಾಲಿಗೆಗೆ ಇನ್ನೊಂದು ಬಾಟಲಿ ತೆರೆಯುತ್ತಿದ್ದ.

ಆಮೇಲೆ ಆ ಸೋಮವಾರ ಬಂತು. ಹಗಲು ಹನ್ನೊಂದು ಗಂಟೆ. ಅವನು ಶಿಳ್ಳೆ ಹಾಕುತ್ತಾ ಅಂಗಡಿಯಿಂದ ಒಳಗೆ ಬಂದ, ಅಡುಗೆಮನೆಯಲ್ಲಿ ನೀರು ಕುಡಿದ, ಅವಳ ಬೆನ್ನ ಹಿಂದೆಯೇ ಹಾದು ವಾಪಸ್ ಹೋದ. ನೂಲುಂಡೆ ಕೆಳಗೆ ಬಿತ್ತೆಂದು ಅವಳು ಬಗ್ಗಿದಳು. ನೆಲದ ಮೇಲೆ ಕೆಂಪು ಹೆಜ್ಜೆಗಳು. ಹೋಗುವಾಗಿನವು, ಬರುವಾಗಿನವು, ಎಲ್ಲವೂ ಬಲಗಾಲಿನವು.

ಅವಳು ಕೂಗಿಕೊಂಡಳು. ಅವನು ಬಂದು ನೆಲ ನೋಡಿದ. ತಾನು ನಡೆದ ದಾರಿಯನ್ನೇ ಕಣ್ಣಲ್ಲಿ ಹಿಂಬಾಲಿಸಿ, ಮೆಲ್ಲಗೆ ಕೇಳಿದ: "ಯಾರದ್ದೇ ಈ ರಕ್ತ?"

ಅವನ ಅಂಗಾಲಿನಲ್ಲಿ ಬೆರಳುದ್ದದ ಗಾಜಿನ ಚೂರು ನೆಟ್ಟಿತ್ತು. ಅವನು ಅದರ ಮೇಲೆಯೇ ನಿಂತಿದ್ದ.

"ನೋಯ್ತಾ ಇಲ್ವೇನ್ರೀ?"

"ಇಲ್ಲ" ಎಂದ ಅವನ ಮುಖ ಈಗ ಸುಣ್ಣದಂತಾಗಿತ್ತು. "ಏನೂ ಗೊತ್ತೇ ಆಗ್ತಿಲ್ಲ ಕಣೇ."

ಬೀದಿಯ ಕೊನೆಯಲ್ಲೇ ಆರೋಗ್ಯ ಕೇಂದ್ರ. ಹೆಂಡತಿಯೂ ಅತ್ತೆಯೂ ಪಕ್ಕದ ಮನೆಯವರ ಗಾಡಿಯಲ್ಲಿ ಅವನನ್ನು ಕೂರಿಸಿಕೊಂಡು ಹೋದರು. ಡಾಕ್ಟರು ಚೂರು ತೆಗೆದು ಹೊಲಿಗೆ ಹಾಕಿದರು. ಸಕ್ಕರೆ ನೋಡಿದ್ದು ನರ್ಸಕ್ಕ. ಇಪ್ಪತ್ತು ವರ್ಷದಿಂದ ಆ ಬೀದಿಯ ಹೆರಿಗೆ, ಜ್ವರ, ಜಗಳ ಎಲ್ಲವನ್ನೂ ಕಂಡ ಹೆಂಗಸು. ಯಂತ್ರದಲ್ಲಿ ಮುನ್ನೂರ ನಲವತ್ತು ಎಂದು ಬಂದಾಗ ಕನ್ನಡಕ ಮೇಲೇರಿಸಿದಳು.

"ಏನಣ್ಣಾ ಇದು? ಮಾತ್ರೆ ನುಂಗ್ತಿಲ್ವಾ?"

"ನುಂಗ್ತಿದೀನಕ್ಕ. ಸಿಹಿ ಮುಟ್ಟೋದೂ ಇಲ್ಲ."

"ಮತ್ತೆ ಏನು ಕುಡೀತೀರಿ?"

ಮಗನಿಗೆ ಬಾಯಾರೀತೆಂದು ತಂದಿದ್ದ ಬಾಟಲಿಯನ್ನು ಅತ್ತೆಯೇ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. "ಇದು ಬಾರ್ಲಿ ನೀರು ಕಣಮ್ಮ. ಶಕ್ತಿ ಬರುತ್ತೆ ಅಂತ ನಾನೇ ತರಿಸಿಕೊಡ್ತೀನಿ. ಬಸುರಿ ಮೊಮ್ಮಗಳಿಗೂ ಎರಡು ಕಳಿಸೋಣ ಅಂತ ಕಟ್ಟಿಟ್ಟಿದೀನಿ."

"ಅಯ್ಯೋ ಅಜ್ಜಿ, ಕಳಿಸಿಬಿಟ್ರಾ?"

"ಇನ್ನೂ ಇಲ್ಲ."

"ಬದುಕಿದ್ವಿ" ಎಂದು ನರ್ಸಕ್ಕ ಬಾಟಲಿಯ ಬೆನ್ನು ತಿರುಗಿಸಿದಳು. "ಮುಂದೆ ದಪ್ಪಕ್ಷರ ಎಲ್ಲರೂ ಓದ್ತಾರೆ. ಹಿಂದೆ ಇರುವೆ ಗಾತ್ರದಲ್ಲಿ ಬರೆದಿರೋದನ್ನ ಯಾರೂ ಓದಲ್ಲ. ನೋಡಿ, ನೂರು ಭಾಗದಲ್ಲಿ ಅರ್ಧ ಭಾಗದವರೆಗೂ ಆಲ್ಕೋಹಾಲ್ ಇರಬಹುದು ಅಂತ ಇದೆ. ತೀರಾ ಕಡಿಮೆ, ನಿಜ. ಆದರೆ ಹೊಟ್ಟೇಲಿರೋ ಮಗುಗೆ ಇಷ್ಟು ಪರವಾಗಿಲ್ಲ ಅನ್ನೋ ಲೆಕ್ಕ ಯಾರ ಹತ್ರನೂ ಇಲ್ಲ. ಹಾಗಾಗಿ ಬಸುರಿಗೆ ಬೇಡ. ಲಿವರ್ ಕೆಟ್ಟೋರು, ಕುಡಿತ ಬಿಡಿಸೋ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೆ ಮುಟ್ಟಲೇಬಾರದು."

"ಸಕ್ಕರೆ ಹಾಕಿಲ್ವಲ್ಲಮ್ಮ ಇದಕ್ಕೆ?"

"ಮೇಲಿಂದ ಹಾಕಿಲ್ಲ ಅಜ್ಜಿ. ಆದರೆ ಬಾರ್ಲಿಯಿಂದ ಬಂದ ಹಿಟ್ಟಿನಂಶ, ಸಕ್ಕರೆ ಅಂಶ ಒಳಗೇ ಇರುತ್ತೆ. ಈ ಬಾಟಲೀಲಿ ಹದಿನಾರು ಗ್ರಾಂ ಅಂತ ಇದೆ. ರಕ್ತಕ್ಕೆ ಹೋದ ಮೇಲೆ ನಾಲ್ಕು ಚಮಚ ಸಕ್ಕರೆ ಇದ್ದ ಹಾಗೆ. ದಿನಕ್ಕೆಷ್ಟಣ್ಣಾ?"

"ನಾಲ್ಕು" ಎಂದ ಅವನು. ಸ್ವಲ್ಪ ತಡೆದು, "ಒಂದೊಂದು ದಿನ ಆರು."

ಹೆಂಡತಿ ಬಚ್ಚಲಿನ ಇರುವೆಗಳ ವಿಷಯ ಹೇಳಿದಳು. ನರ್ಸಕ್ಕ ತಲೆಯಾಡಿಸಿದಳು. "ಸಕ್ಕರೆ ಮೂತ್ರಕ್ಕೆ ಇಳಿದಿತ್ತು. ಇರುವೆಗೆ ಗೊತ್ತಾಯ್ತು, ನಿಮಗೆ ಗೊತ್ತಾಗಲಿಲ್ಲ. ಹಳೇ ಕುಡಿತ, ಹಳೇ ಸಕ್ಕರೆ ಎರಡೂ ಸೇರಿ ಕಾಲಿನ ನರ ಮೊದಲೇ ಸೋತಿತ್ತು ಅನ್ಸುತ್ತೆ. ಈ ಬಾಟಲಿ ಅದಕ್ಕೆ ಉಸಿರಾಡೋಕೂ ಬಿಡಲಿಲ್ಲ."

"ಹಾಗಾದ್ರೆ ಇದು ವಿಷನೇನಮ್ಮ?" ಅತ್ತೆಯ ದನಿ ಸಣ್ಣದಾಗಿತ್ತು.

"ವಿಷ ಅಲ್ಲ ಅಜ್ಜಿ. ಆರೋಗ್ಯವಾಗಿರೋರು ನಿಜವಾದ ಬಿಯರ್ ಬಿಟ್ಟು ಯಾವತ್ತಾದರೂ ಇದನ್ನ ಕುಡಿದರೆ ಅವರಿಗೆ ಒಳ್ಳೇದೇ. ವಿಟಮಿನ್ನೂ ಚೂರು ಇರುತ್ತೆ. ಆದರೆ ಅಷ್ಟು ವಿಟಮಿನ್ ಒಂದು ಹಿಡಿ ಕಾಳಲ್ಲಿ, ಒಂದು ಮೊಟ್ಟೇಲಿ ಸಿಗುತ್ತೆ. ಇದು ಔಷಧಿ ಅಲ್ಲ. ನಿಮ್ಮ ಮಗನಿಗಂತೂ ಅಲ್ಲವೇ ಅಲ್ಲ."

ಆಮೇಲೆ ಅವಳು ಕುರ್ಚಿಯನ್ನು ಅವನ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದಳು. "ನಿಜ ಹೇಳಿ ಅಣ್ಣಾ. ಹಳೇದು ಕರೀತಾ ಇದೆಯಾ?"

ಅವನು ಹೆಂಡತಿಯ ಮುಖ ನೋಡದೆ ಮಾತಾಡಿದ.

"ಹೋದ ವಾರ ಒಂದು ಮನೆಗೆ ಕನ್ನಡಿ ತಲುಪಿಸಿ ಬರ್ತಿದ್ದೆ. ಮನೆಗೇ ಬರ್ತಿದೀನಿ ಅಂದ್ಕೊಂಡಿದ್ದೆ. ನೋಡಿದ್ರೆ ಹಳೇ ಬಾರಿನ ಬಾಗಿಲ ಮೇಲೆ ನನ್ನ ಕೈ ಇದೆ. ಎಲ್ಲಿ ತಿರುಗಿದೆ, ಯಾವ ಬೀದಿ ದಾಟಿದೆ, ಒಂದೂ ನೆನಪಿಲ್ಲ. ಒಳಗಿದ್ದ ಬಾರಿನವನು ನನ್ನ ನೋಡಿದ. ಏನೂ ಕೇಳಲಿಲ್ಲ ಅಕ್ಕಾ. ಸುಮ್ನೆ ಎದ್ದು ಹೋಗಿ ನನ್ನ ಹಳೇ ಮೇಜು ಒರೆಸಿದ. ನಾನು ಬರ್ತೀನಿ ಅಂತ ಅವನಿಗೆ ಗೊತ್ತಿತ್ತೇನೋ ಅನ್ನೋ ಹಾಗೆ."

ಹೆಂಡತಿ ಅವನತ್ತ ಬಾಗಿದಳು. "ಹೋದ್ರಾ ಒಳಗೆ?"

"ಇಲ್ಲ. ಓಡಿ ಬಂದೆ. ನಿನಗೆ ಹೇಳೋಕೆ ಬಾಯಿ ಬರಲಿಲ್ಲ."

"ಓಡಿ ಬಂದ್ರಲ್ಲ, ಅದು ದೊಡ್ಡದು" ಎಂದಳು ನರ್ಸಕ್ಕ. "ಅದೇ ವಾಸನೆ, ಅದೇ ನೊರೆ, ಮುಚ್ಚಳ ತೆಗೆಯೋ ಅದೇ ಸದ್ದು. ಅಮಲು ಇಲ್ಲದಿದ್ರೂ ತಲೆಗೆ ಹಳೇ ದಾರಿ ನೆನಪಾಗುತ್ತೆ. ಕೆಲವರಿಗೆ ಹೀಗಾಗಲ್ಲ, ಇದನ್ನ ಕುಡಿದೇ ನಿಜವಾದ್ದನ್ನ ದೂರ ಇಡ್ತಾರೆ. ನಿಮಗೆ ಹಾಗಿಲ್ಲ. ನೀವು ದಿನಕ್ಕೆ ನಾಲ್ಕು ಸಲ ಆ ದಾರಿ ಗುಡಿಸಿ ಇಡ್ತಾ ಇದೀರಿ. ಇದು ನಿಮ್ಮ ದೋಷ ಅಂತ ನಾನು ಹೇಳ್ತಿಲ್ಲ. ಆದರೆ ಇವತ್ತೇ ನಿಲ್ಲಿಸಿ."

ಅವನು ಅತ್ತ. ಹೆಂಡತಿ ಅವನ ಕೈ ಹಿಡಿದಳು. ಮೊದಲು ಎದ್ದವಳು ಅತ್ತೆ. ಮನೆಗೆ ಹೋಗಿ, ಮೊಮ್ಮಗಳಿಗೆಂದು ಕಟ್ಟಿಟ್ಟಿದ್ದ ಎರಡೂ ಸೇರಿ, ಉಳಿದ ಬಾಟಲಿಗಳನ್ನೆಲ್ಲ ಮೋರಿಗೆ ಸುರಿದಳು. ಕೊನೆಯ ನೊರೆ ಇಳಿದು ಹೋಗುವವರೆಗೂ ಅಲ್ಲಿಂದ ಕದಲಲಿಲ್ಲ.

ಗಾಯ ಮಾಯಲು ಏಳು ವಾರ ಹಿಡಿಯಿತು. ಡಾಕ್ಟರು ಔಷಧಿ ಬದಲಿಸಿದರು. ಸಕ್ಕರೆ ಇಳಿಯಿತು, ನಾಲಿಗೆ ಒಣಗುವುದು ನಿಂತಿತು. ಬಲಗಾಲಿನ ಎರಡು ಬೆರಳುಗಳಿಗೆ ಮಾತ್ರ ಇಂದಿಗೂ ಸ್ಪರ್ಶ ಮರಳಿಲ್ಲ. ಅದಕ್ಕೇ ಅವನು ಅಂಗೈಯಗಲದ ಕನ್ನಡಿಯೊಂದನ್ನು ಕತ್ತರಿಸಿ, ಅಂಚು ನುಣುಪು ಮಾಡಿ, ಪ್ರತಿದಿನ ಅದರಲ್ಲಿ ತನ್ನ ಅಂಗಾಲು ನೋಡಿಕೊಳ್ಳುತ್ತಾನೆ. ಮಂಗಳವಾರ ಆರೋಗ್ಯ ಕೇಂದ್ರದಲ್ಲಿ ಕುಡಿತ ಬಿಟ್ಟವರು ಸೇರುತ್ತಾರೆ. ಅಲ್ಲಿಗೆ ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ. ಬಾಯಾರಿದರೆ ಅವನಿಗೆ ನೀರು, ಇಲ್ಲವೇ ಸಕ್ಕರೆ ಹಾಕದ ನಿಂಬೆ ನೀರು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಅಮ್ಮ, ಬಾಟಲಿಯ ಮುಂಭಾಗ ನೋಡಿ ಮರುಳಾಗಬೇಡಿ. ತಿರುಗಿಸಿ ಹಿಂಭಾಗ ಓದಿ. ಓದಲು ಬಾರದಿದ್ದರೆ ಓದಿಸಿಕೊಳ್ಳಿ. ಆಲ್ಕೋಹಾಲ್ ಎಷ್ಟು, ಸಕ್ಕರೆ ಅಂಶ ಎಷ್ಟು ಎಂದು ಕೇಳಿ. ಸಕ್ಕರೆ ಕಾಯಿಲೆ ಇದ್ದರೆ, ಹೊಟ್ಟೆಯಲ್ಲಿ ಮಗುವಿದ್ದರೆ, ಕುಡಿತದಿಂದ ಕಷ್ಟಪಟ್ಟು ಹೊರಬಂದಿದ್ದರೆ, ಅಮಲಿಲ್ಲದ ಬಿಯರ್ ಮುಟ್ಟುವ ಮೊದಲು ನಿಮ್ಮ ಡಾಕ್ಟರನ್ನೋ ನರ್ಸನ್ನೋ ವಿಚಾರಿಸಿ. ಮನೆಯವರಲ್ಲಿ ಯಾರಾದರೂ ಹಳೆಯ ದಾರಿಯಲ್ಲಿ ಹೆಜ್ಜೆ ಇಡುತ್ತಿದ್ದಾರೆ ಅನ್ನಿಸಿದರೆ ಬೈಯಬೇಡಿ, ಸುಮ್ಮನೆಯೂ ಇರಬೇಡಿ. ಇವತ್ತೇ, ಊಟಕ್ಕೆ ಕೂತಾಗ, ಪಕ್ಕದಲ್ಲಿ ಕೂತು ಕೇಳಿ.