ಹಸಿರು ಕಲ್ಲಿನಡಿ

ಆ ಬೇಸಿಗೆಯಲ್ಲಿ, ಉತ್ತರದ ಹಿಮಸೀಮೆಯ ಆ ಊರಿನಲ್ಲಿ, ಕೆತ್ತಲು ಕಲ್ಲೇ ಇರಲಿಲ್ಲ. ಹತ್ತಿರದ ದ್ವೀಪದ ಕಲ್ಲು ಹಿಂದಿನ ವರ್ಷವೇ ತೀರಿಹೋಗಿತ್ತು. ಸಹಕಾರ ಸಂಘದವರು ತರಿಸುತ್ತೇವೆಂದ ಕಲ್ಲು ವರ್ಷಕ್ಕೊಮ್ಮೆ ಬರುವ ಹಡಗಿನಲ್ಲೂ ಬರಲಿಲ್ಲ. ಕೆತ್ತುವವರೆಲ್ಲ ಮನೆ ಹಿಂದೆ ಬಿದ್ದಿದ್ದ ಚೂರುಗಳನ್ನು ಹೆಕ್ಕಿ ಹೆಬ್ಬೆರಳಿನಷ್ಟು ಹಕ್ಕಿಗಳನ್ನು ಮಾಡಿದರು. ಚೂರುಗಳೂ ಮುಗಿದ ಮೇಲೆ ಮುದುಕನೊಬ್ಬ ತನ್ನ ತಾಯಿ ಸೀಲ್ ಎಂಬ ಕಡಲಪ್ರಾಣಿಯ ಕೊಬ್ಬು ಉರಿಸುತ್ತಿದ್ದ ಕಲ್ಲಿನ ದೀಪವನ್ನೇ ಒಡೆದು ಕರಡಿ ಕೆತ್ತಿದನಂತೆ. ಅದನ್ನು ಕೇಳಿ ಉಲಾಯುವಿಗೆ ಎರಡು ದಿನ ಊಟ ಸೇರಲಿಲ್ಲ. ಯಾಕೆಂದರೆ ಅವಳೂ ತನ್ನ ಮನೆಯ ದೀಪವನ್ನು ಕೈಗೆತ್ತಿಕೊಂಡು, ಎಲ್ಲಿಂದ ಒಡೆಯಬಹುದು ಎಂದು ತಿರುಗಿಸಿ ನೋಡಿದ್ದಳು.

ಉಲಾಯುವಿಗೆ ಆಗ ನಲವತ್ತಾರು. ಎರಡು ವರ್ಷದ ಹಿಂದೆ, ಕಡಲ ಮೇಲಿನ ಮಂಜುಗಡ್ಡೆ ಸಡಿಲವಾಗುವ ಕಾಲದಲ್ಲಿ, ಗಂಡ ಎವಿಕ್ ಹಿಮಬಂಡಿ ಸಮೇತ ಸಮುದ್ರದೊಳಗೆ ಹೋಗಿದ್ದ. ಹೆಣ ಸಿಕ್ಕಿರಲಿಲ್ಲ. ಅಂದಿನಿಂದ ಅವಳು ಬೆಳಗ್ಗೆ ಹಾಸಿಗೆ ಬಿಟ್ಟು ಏಳುತ್ತಿದ್ದುದೇ ಕಲ್ಲಿಗಾಗಿ. ಉಳಿ ಹಿಡಿದು ಕೂತಷ್ಟು ಹೊತ್ತು ತಲೆಯೊಳಗೆ ಏನೂ ಇರುತ್ತಿರಲಿಲ್ಲ. ಕಲ್ಲು ಮುಗಿದ ದಿನದಿಂದ ಎಲ್ಲವೂ ಒಟ್ಟಿಗೆ ಬಂದು ಮುತ್ತಿಕೊಂಡಿತು. ಮಂಚದ ಅಂಚಿನಲ್ಲಿ ಬರಿಗೈಯಲ್ಲಿ ಕೂತಿರುತ್ತಿದ್ದಳು. ಕೈಗಳು ಮಾತ್ರ ತೊಡೆಯ ಮೇಲೆ ಏನನ್ನೋ ಉಜ್ಜುತ್ತಲೇ ಇರುತ್ತಿದ್ದವು.

ತಮ್ಮ ಅಡ್ಲಾನಿಗೆ ಅವಳು ಗಂಟು ಬಿದ್ದದ್ದು ಆಗ. ಪೂರ್ವಕ್ಕೆ ಒಂದು ದಿನದ ದೋಣಿ ದಾರಿಯಲ್ಲಿ, ಅವರಪ್ಪ ಒಮ್ಮೆ ತೋರಿಸಿದ್ದ ಕೊಲ್ಲಿಯಲ್ಲಿ, ಹಸಿರು ಕಲ್ಲಿತ್ತು. ದೂರ ಎಂದು ಯಾರೂ ಹೋಗುತ್ತಿರಲಿಲ್ಲ. ಅಡ್ಲಾನಿಗೂ ಮನಸ್ಸಿರಲಿಲ್ಲ. ಅವನು ಬೇಟೆಗಾರ; ಜಿಂಕೆಗಳ ಮೈಗೆ ಕೊಬ್ಬು ಹತ್ತುವ ಹೊತ್ತು ಅದು. ಆದರೆ ಅವನಿಗೆ ಇಟ್ಟದ್ದು ತೀರಿಹೋದ ಅಜ್ಜನ ಹೆಸರು. ಹೆಸರಿನ ಜೊತೆ ಸತ್ತವರೇ ಮರಳಿ ಬರುತ್ತಾರೆ ಎಂಬುದು ಅವರಲ್ಲಿ ನಂಬಿಕೆ. ಹಾಗಾಗಿ ಆರು ವರ್ಷಕ್ಕೆ ಚಿಕ್ಕವನಾದರೂ ಅವಳಿಗೆ ಅವನು ತಾತ, ಅವನಿಗೆ ಅವಳು ಮೊಮ್ಮಗಳು. ಅವನು ಹುಟ್ಟಿದಾಗಿನಿಂದ ಅವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದವರಲ್ಲ.

"ಏನ್ ತಾತ, ಮೊಮ್ಮಗಳಿಗೆ ಒಂದು ಕಲ್ಲು ತಂದ್ಕೊಡೋಕೂ ಕೈಲಾಗಲ್ವಾ? ವಯಸ್ಸಾಯ್ತು ಬಿಡು ನಿಂಗೆ," ಎಂದಳು.

"ಹೋದ ಸಲ ಬದುಕಿದ್ದಾಗ ನಿನ್ನ ಹೊತ್ತೂ ಹೊತ್ತೂನೇ ನನ್ ಸೊಂಟ ಹೋಗಿದ್ದು," ಎಂದ ಅಡ್ಲಾ. "ಈ ಸಲ ನಿನ್ ಕಲ್ಲೂ ಹೊರ್ಬೇಕಾ?"

ಅವನ ಹೆಂಡತಿ ರೀಪಾ ನಕ್ಕಳು. ನಕ್ಕ ಮೇಲೆ ಬೇಡವೆನ್ನುವುದು ಕಷ್ಟ. ಮೂವರೂ ಹೊರಟರು.

ಆ ಕಲ್ಲು ಇರುವುದು ಕಡಲಿನ ಇಳಿತದ ಗೆರೆಯಲ್ಲಿ. ನೀರು ಪೂರ್ತಿ ಹಿಂದೆ ಸರಿದಾಗ ಎರಡು ಗಂಟೆ ಹೊತ್ತು ಕಾಣುತ್ತದೆ. ಆಮೇಲೆ ಅದರ ಮೇಲೆ ನಾಲ್ಕಾಳು ನೀರು. ಮಧ್ಯಾಹ್ನ ಅವರು ದೋಣಿಯನ್ನು ನೀರಂಚಿನಲ್ಲಿ ಲಂಗರು ಹಾಕಿ ಇಳಿದಾಗ ಬಂಡೆಗಳಿಂದ ಇನ್ನೂ ನೀರು ಸೋರುತ್ತಿತ್ತು. ಮೊದಲು ಸಣ್ಣ ತುಂಡುಗಳನ್ನು ಎಬ್ಬಿಸಿ ದೋಣಿಗೆ ಹಾಕಿದರು. ಅಷ್ಟೇ ಸಾಕಿತ್ತು. ಅಷ್ಟರಲ್ಲಿ ಉಲಾಯುವಿನ ಕಣ್ಣಿಗೆ ಆ ದೊಡ್ಡದು ಬಿತ್ತು. ದಿಬ್ಬದ ಅಂಚಿನಲ್ಲಿ ಬಂಡೆಯಿಂದ ಅರ್ಧ ಬಿಟ್ಟುಕೊಂಡು ನಿಂತಿತ್ತು. ಎದೆಮಟ್ಟದ ಎತ್ತರ, ಕಡು ಹಸಿರು. ಒಳಗೆ ಬಿರುಕಿದ್ದರೆ ಕಲ್ಲು ಸತ್ತ ದನಿ ಕೊಡುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದ. ಸುತ್ತಿಗೆಯಿಂದ ತಟ್ಟಿದಳು. ಮೇಲೆ, ಕೆಳಗೆ, ಹಿಂದೆ, ಎಲ್ಲಿ ತಟ್ಟಿದರೂ ಅದು ಗಂಟೆಯ ಹಾಗೆ ಮೊಳಗಿತು. ಅಂಥ ಕಲ್ಲನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ. ಇಡೀ ಚಳಿಗಾಲ, ಕತ್ತಲೆಯ ತಿಂಗಳುಗಳಷ್ಟೂ, ಅದರೊಂದಿಗೆ ಕೂತಿರಬಹುದು ಎಂದುಕೊಂಡಳು.

ನೀರು ತಿರುಗಿತು, ಹೊರಡೋಣ ಎಂದ ಅಡ್ಲಾ. ಇದನ್ನು ಒಡೆಯದೆ ಹಾಗೇ ಒಯ್ಯಬೇಕು, ಇನ್ನೊಂದೇ ಒಂದು ಬೆಣೆ ಎಂದಳು ಉಲಾಯು. ಅವನು ಗೊಣಗುತ್ತ ಕೆಳಗಿಳಿದು, ಕಲ್ಲು ಉರುಳಿದರೆ ಒಡೆಯದಿರಲೆಂದು ಮರಳಿನ ಮೇಲೆ ಪಾಚಿಯ ಮೆತ್ತೆ ಹಾಸತೊಡಗಿದ. ಅವಳು ಬೆಣೆಯ ಮೇಲೆ ಮೂರು ಏಟು ಹಾಕಿದಳು. ಮೂರನೆಯ ಏಟಿಗೆ ಕಲ್ಲು ಹೊರಟಿತು. ಅವಳು ಎಣಿಸಿದ ಕಡೆಗಲ್ಲ, ಎಡಕ್ಕೆ.

ಕೆಳಗೆ ಅಡ್ಲಾ ಇದ್ದ. ದಡದ ಕಡೆಗೆ ಅಂಗಾತ ಬಿದ್ದಿದ್ದ. ಬಲಗಾಲು ಮೊಣಕಾಲಿನ ಕೆಳಗೆ ಕಲ್ಲಿನಡಿ ಹೋಗಿತ್ತು. ಅವನು ಎದ್ದು ಕೂತು, ತನ್ನ ಕಾಲು ಎಲ್ಲಿ ಮುಗಿಯಿತು ಎಂದು ಹುಡುಕುವವನಂತೆ ಕೈಯಾಡಿಸಿದ.

ಹಾರೆ ತೂರಿಸಿ ಇಬ್ಬರು ಹೆಂಗಸರೂ ಮೈಯೆಲ್ಲ ಹೇರಿ ಮೀಟಿದರು. ಹಾರೆ ಮರಳಿನಲ್ಲಿ ಇಳಿಯಿತೇ ಹೊರತು ಕಲ್ಲು ಮಿಸುಕಲಿಲ್ಲ. ದೋಣಿಯ ನೈಲಾನ್ ಹಗ್ಗವನ್ನು ಕಲ್ಲಿಗೆ ಸುತ್ತಿ ರೀಪಾ ಮೋಟಾರು ಬಿಟ್ಟು ಎಳೆದಳು. ಹಗ್ಗ ಪಟ್ಟನೆ ತುಂಡಾಗಿ ಅವಳ ಕೆನ್ನೆ ಸೀಳಿತು. ದೋಣಿಗೆ ಮತ್ತೆ ಲಂಗರು ಹಾಕಿ ಅವಳು ಇಳಿದು ಬಂದಳು. ಅಷ್ಟು ಹೊತ್ತಿಗೆ ನೀರು ಕಲ್ಲಿನ ಬುಡಕ್ಕೆ ಬಂದಿತ್ತು. ಮಂಜುಗಡ್ಡೆ ತೇಲುವ ನೀರು. ಕೈ ಇಟ್ಟರೆ ಮೂಳೆ ಸೇದುತ್ತಿತ್ತು.

ಉಳಿದದ್ದು ಕಲ್ಲನ್ನೇ ಒಡೆಯುವುದು. ಉಲಾಯು ಸುತ್ತಿಗೆ ಎತ್ತಿದಳು. ಮೂವತ್ತು ವರ್ಷ ಕಲ್ಲಿನ ಜೊತೆ ಬದುಕಿದವಳು ಅವಳು. ಎಲ್ಲಿ ಹೊಡೆದರೆ ಎಲ್ಲಿ ಸೀಳುತ್ತದೆಂದು ಅವಳ ಕೈಗೆ ಗೊತ್ತಿತ್ತು. ಒಂದು ಎಳೆಯ ಬಿರುಕು, ಒಂದು ಬಿಳಿ ಗೆರೆ, ಒಂದೇ ಒಂದು ಸತ್ತ ದನಿ ಸಿಕ್ಕಿದ್ದರೆ ಸಾಕಿತ್ತು. ಕಲ್ಲಿನ ಸುತ್ತ ತಡಕಾಡುತ್ತ ಹೊಡೆದಳು. ಪ್ರತಿ ಏಟಿಗೂ ಅದು ಮೊಳಗಿತು. ಗಂಟೆಯ ಹಿಂದೆ ಅವಳಿಗೆ ಅಷ್ಟೊಂದು ಹಿಡಿಸಿದ್ದ ಅದೇ ದನಿ. ಚಕ್ಕೆಗಳು ಹಾರಿದವು, ಉಳಿಯ ಬಾಯಿ ಮುರಿಯಿತು, ಅಂಗೈ ಒಡೆದು ರಕ್ತ ಬಂತು. ಕೊನೆಗೆ ಉಳಿಯೂ ಇಲ್ಲದೆ, ಬರೀ ಸುತ್ತಿಗೆಯಿಂದ, ಎಲ್ಲೆಂದರಲ್ಲಿ ಹೊಡೆಯುತ್ತಿದ್ದಳು.

"ನಿಲ್ಸು," ಎಂದ ಅಡ್ಲಾ. "ಏಟು ಬಿದ್ದಾಗೆಲ್ಲ ಕಾಲಿಗೆ ಬಡಿಯುತ್ತೆ."

ಅವಳು ನಿಲ್ಲಿಸಿದಳು. ನೀರು ಅವನ ತೊಡೆ ಮುಚ್ಚಿತ್ತು. ತುಟಿಗಳು ನೀಲಿಯಾಗಿದ್ದವು. ರೀಪಾ ಅವನ ಬೆನ್ನಿಗೆ ಬೆನ್ನು ಕೊಟ್ಟು ಕೂತು ಪ್ರಾರ್ಥನೆ ಹೇಳುತ್ತಿದ್ದಳು. ದಡದಿಂದ ಕಂಬಳಿ ತಾ ಎಂದು ಅವಳನ್ನು ಕಳಿಸಿ, ಅವಳು ದೂರ ಹೋಗುವವರೆಗೆ ಅಡ್ಲಾ ಕಾದ.

"ಮೊಮ್ಮಗಳೇ, ದೋಣೀಲಿ ಬಂದೂಕಿದೆ. ತಗೊಂಡ್ ಬಾ."

ಉಲಾಯು ಸುತ್ತಿಗೆಯನ್ನು ಕೈಬಿಟ್ಟಳು.

"ನೀರು ಕುಡ್ಕೊಂಡು ಸಾಯೋಕೆ ನಂಗೆ ಭಯ," ಎಂದ. "ರೀಪಾ ಕೈಲಿ ಆಗಲ್ಲ. ನಿನ್ ಕೈ ಗಟ್ಟಿ."

ಅವಳು ಹೊರಟಳು. ಅದನ್ನು ಆಮೇಲೆ ಅವಳು ಯಾರ ಹತ್ತಿರವೂ ಹೇಳಲಿಲ್ಲ: ತಾನು ಹೊರಟೆ ಎಂಬುದನ್ನು. ಸೊಂಟದ ಮಟ್ಟದ ನೀರಿನಲ್ಲಿ ದೋಣಿಯತ್ತ ನಡೆಯುವಾಗ ಅವಳಿಗೆ ಅಳುವೂ ಬರಲಿಲ್ಲ. ಗಂಡನನ್ನು ಸಮುದ್ರ ತೆಗೆದುಕೊಂಡಿತು, ತಾತನನ್ನು ನಾನೇ ತಂದುಕೊಟ್ಟೆ ಎಂಬುದೊಂದೇ ಹೆಜ್ಜೆ ಹೆಜ್ಜೆಗೂ ತಲೆಯಲ್ಲಿ ಬಡಿಯುತ್ತಿತ್ತು. ದೋಣಿಗೆ ಕೈ ಹಾಕಿದಾಗ ಅದು ಯಾಕೋ ಮುಂದಕ್ಕೆ ಬಾಗಿ ನಿಂತಿತ್ತು. ಲಂಗರಿನ ಹಗ್ಗ ಗಿಡ್ಡವಾಗಿ, ಏರುವ ನೀರು ದೋಣಿಯನ್ನು ಮೇಲೆತ್ತಲು ನೋಡುತ್ತಿತ್ತು. ಹಗ್ಗ ಮೂತಿಯನ್ನು ಕೆಳಕ್ಕೆ ಜಗ್ಗಿತ್ತು. ಅವಳು ನೋಡುತ್ತಿದ್ದ ಹಾಗೆಯೇ ಮೂತಿ ಒಮ್ಮೆಲೇ ನೆಗೆದು ಸಮವಾಯಿತು. ಕೆಳಗೆ, ಕಲ್ಲುಗಳ ನಡುವೆ ಸಿಕ್ಕಿದ್ದ ಲಂಗರನ್ನು, ದೋಣಿಯನ್ನು ಎತ್ತುತ್ತಿದ್ದ ನೀರೇ ಕಿತ್ತಿತ್ತು.

ಬಂದೂಕಿನ ಬದಲು ಅವಳು ದೋಣಿಯ ತಳದಲ್ಲಿದ್ದ ತೊಗಲಿನ ಮಿಣಿಹಗ್ಗವನ್ನು ತೆಗೆದಳು. ದೊಡ್ಡ ಸೀಲಿನ ಚರ್ಮದಿಂದ ಸುರುಳಿಯಾಗಿ ಕೊಯ್ದದ್ದು, ಎವಿಕ್ ಮಾಡಿದ್ದು. ರೀಪಾಳನ್ನು ಕೂಗಿ ಕರೆದಳು. ಇಬ್ಬರೂ ದೋಣಿಯನ್ನು ತಳ್ಳಿಕೊಂಡು ಬಂದು ಕಲ್ಲಿನ ಪಕ್ಕಕ್ಕೆ ತಂದರು. ಉಲಾಯು ನೀರಿನಲ್ಲಿ ಮುಳುಗಿ, ಕಲ್ಲಿನ ಅಂಚಿಗೆ ಮಿಣಿಯನ್ನು ಎರಡು ಸುತ್ತು ಬಿಗಿದು, ದೋಣಿಯ ಅಡ್ಡಹಲಗೆಗೆ ಆದಷ್ಟು ಗಿಡ್ಡವಾಗಿ ಕಟ್ಟಿದಳು. ದೋಣಿ ಮಗುಚದಿರಲೆಂದು, ಆಗಲೇ ಅದಕ್ಕೆ ತುಂಬಿದ್ದ ಸಣ್ಣ ಕಲ್ಲುಗಳನ್ನೂ ಪೆಟ್ರೋಲ್ ಡಬ್ಬವನ್ನೂ ಆಚೆ ಮಗ್ಗುಲಿಗೆ ಸರಿಸಿ, ರೀಪಾಳನ್ನು ಆಚೆ ಅಂಚಿನ ಮೇಲೆ ಕೂರಿಸಿದಳು.

"ಬಂದೂಕು?" ಎಂದ ಅಡ್ಲಾ.

"ಸುಮ್ನಿರು ತಾತ. ನೀರು ಬರ್ಲಿ."

ಆಮೇಲೆ ಮಾಡಲು ಏನೂ ಇರಲಿಲ್ಲ. ಅವಳು ಅಡ್ಲಾನ ಹಿಂದೆ ನಿಂತು, ಕಂಕುಳಲ್ಲಿ ಕೈ ತೂರಿಸಿ ಹಿಡಿದುಕೊಂಡಳು. ನೀರು ಅವನ ಎದೆಗೆ ಬಂತು. ದೋಣಿ ಕಲ್ಲಿನ ಕಡೆಗೆ ವಾಲಿತು. ಮಿಣಿ ನೆನೆದು ಹಿಗ್ಗುತ್ತಿತ್ತು, ಅವಳಿಗೆ ಕಾಣುತ್ತಿತ್ತು. ನೀರು ಏರಿದಷ್ಟೂ ಅದೂ ಹಿಗ್ಗಿದರೆ ಎಲ್ಲ ಮುಗಿಯಿತು. ತಮ್ಮನನ್ನು ಕೊಲ್ಲಲು ಬರುತ್ತಿದ್ದ ನೀರನ್ನು ಅವಳು ಬೇಗ ಬಾ, ಇನ್ನೂ ಬೇಗ ಬಾ ಎಂದು ಬೇಡಿಕೊಂಡಳು. ಅವನ ಭುಜ ಮುಳುಗಿತು. ಮೈ ನಡುಗುವುದು ನಿಂತುಹೋಯಿತು. ನಡುಕ ನಿಲ್ಲುವುದು ಒಳ್ಳೆಯದಲ್ಲ ಎಂದು ಮೂವರಿಗೂ ಗೊತ್ತಿತ್ತು. ಗದ್ದಕ್ಕೆ ನೀರು ತಾಗಿದಾಗ ಅವನು ಮುಖವನ್ನು ಆಕಾಶಕ್ಕೆ ಎತ್ತಿ, ರೀಪಾಳ ಹೆಸರನ್ನು ಒಮ್ಮೆ ಕರೆದ. ರೀಪಾ ಅಂಚಿನಿಂದ ಮೇಲೇಳಲು ಹೋದಳು. ಎದ್ದರೆ ದೋಣಿ ಮಗುಚಿ ಇಬ್ಬರೂ ಸಾಯುತ್ತೀರಿ, ಕೂತಿರು ಎಂದು ಉಲಾಯು ಅವಳನ್ನು ಗದರಿದಳು. ಗಂಡ ಮುಳುಗುವುದನ್ನು ನೋಡುತ್ತ ರೀಪಾ ಅಲ್ಲೇ ಕೂತಿರಬೇಕಾಯಿತು.

ಬಾಯಿ ಮುಚ್ಚಿತು. ಮೂಗು ಮುಚ್ಚಿತು. ಅವನ ಮೈ ಅವಳ ತೋಳಿನಲ್ಲಿ ಒದ್ದಾಡಿತು. ಅಡ್ಡಹಲಗೆ ಲಟಲಟನೆ ಸದ್ದು ಮಾಡಿತು, ದೋಣಿ ಒಮ್ಮೆ ಜರ್ರನೆ ಮೇಲೆದ್ದಿತು. ಉಲಾಯು ಕಣ್ಣುಮುಚ್ಚಿ ಹಿಂದಕ್ಕೆ ಬಿದ್ದಳು. ತಮ್ಮ ಅವಳ ಜೊತೆಗೇ ಬಂದ. ದೋಣಿಗೆ ನೀರು ನುಗ್ಗುವ ಮೊದಲು ರೀಪಾ ಅದರೊಳಗಿದ್ದ ಕೊಡಲಿಯಿಂದ ಮಿಣಿ ಕಡಿದಳು. ಕಲ್ಲು ಕೆಳಗೆಲ್ಲೋ ಬಿತ್ತು.

ಅವನನ್ನು ದಡಕ್ಕೆ ಎಳೆದು, ಬಟ್ಟೆ ಕಳಚಿ, ಕಂಬಳಿಯೊಳಗೆ ಹೆಂಗಸರಿಬ್ಬರೂ ಎರಡೂ ಕಡೆಯಿಂದ ಅಪ್ಪಿ ಮಲಗಿದರು. ಕಾಲನ್ನು ಯಾರೂ ನೋಡಲಿಲ್ಲ. ಊರಿಗೆ ಮುಟ್ಟಿದ್ದು ಮಾರನೆಯ ದಿನ. ಮಂಜು ಕವಿದು ವಿಮಾನ ಬರಲು ಇನ್ನೂ ಎರಡು ದಿನ. ಅಷ್ಟರಲ್ಲಿ ಕಾಲು ಕಪ್ಪಾಗಿತ್ತು. ವಿಮಾನ ಅವನನ್ನು ಹತ್ತಿಸಿಕೊಂಡು ದಕ್ಷಿಣಕ್ಕೆ ಹಾರಿದಾಗ ಮೈದಾನದ ಅಂಚಿನಲ್ಲಿ ಇಬ್ಬರೇ ನಿಂತಿದ್ದರು. ರೀಪಾಳ ಕೆನ್ನೆಯ ಗಾಯ ಇನ್ನೂ ಹಸಿಯಾಗಿತ್ತು.

"ನಿಮ್ಗೆ ಆ ಕಲ್ಲೇ ಬೇಕಿತ್ತು ಅತ್ತಿಗೆ," ಎಂದಳು.

ಅದು ಅವಳು ಉಲಾಯುವಿನ ಜೊತೆ ಆಡಿದ ಕೊನೆಯ ಮಾತು. ಚಳಿಗಾಲವಿಡೀ ಎದುರು ಸಿಕ್ಕರೂ ಮುಖ ತಿರುಗಿಸಿದಳು. ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು ಎಂಬ ಸುದ್ದಿ ಉಲಾಯುವಿಗೆ ನರ್ಸಮ್ಮನಿಂದ ತಿಳಿಯಿತು. ಬೇಟೆ ಸಿಕ್ಕವರು ಊರಿನ ರೂಢಿಯಂತೆ ಅವಳ ಪಾಲಿನ ಮಾಂಸವನ್ನು ಬಾಗಿಲಿಗೆ ತಂದುಕೊಡುತ್ತಿದ್ದರು. ಯಾರೂ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎನಿಸುತ್ತಿತ್ತು ಅವಳಿಗೆ. ದೋಣಿಯಲ್ಲಿ ಬಂದ ಸಣ್ಣ ಕಲ್ಲುಗಳು ಮನೆ ಪಕ್ಕದ ಹಿಮದಡಿ ಹಾಗೇ ಬಿದ್ದಿದ್ದವು. ಕತ್ತಲೆಯ ತಿಂಗಳುಗಳಲ್ಲಿ ಒಂದು ದಿನ ಅವಳು ಉಳಿ, ಅರ, ಸುತ್ತಿಗೆಗಳನ್ನೆಲ್ಲ ಚೀಲಕ್ಕೆ ತುಂಬಿ ಸಮುದ್ರದ ಮಂಜುಗಡ್ಡೆಯ ಬಿರುಕಿನವರೆಗೂ ಹೋದಳು. ಚೀಲ ಎಸೆಯಲೋ, ತಾನೇ ಇಳಿಯಲೋ ಎಂದು ತಿಳಿಯದೆ ಬಹಳ ಹೊತ್ತು ನಿಂತು, ಕಾಲು ಮರಗಟ್ಟಿದ ಮೇಲೆ ತಿರುಗಿ ಬಂದಳು.

ಏಪ್ರಿಲ್‌ನಲ್ಲಿ ಅಡ್ಲಾ ಬಂದ. ಮರದ ಕಾಲು, ಎರಡು ಕೋಲು, ತೆಳ್ಳಗಾದ ಮುಖ. ಅವನೂ ಮನೆಯಿಂದ ಹೊರಗೆ ಕಾಣಿಸುತ್ತಿರಲಿಲ್ಲ. ಕಿಟಕಿಯಲ್ಲಿ ಕೂತು, ಉಳಿದವರು ಬೇಟೆಗೆ ಹೋಗುವುದನ್ನು ನೋಡುತ್ತಿದ್ದನಂತೆ. ಉಲಾಯು ಮೂರು ದಿನ ಅವನ ಮನೆ ಬಾಗಿಲಿನವರೆಗೆ ಹೋಗಿ ವಾಪಸು ಬಂದಳು. ನಾಲ್ಕನೆಯ ದಿನ ಹಿಮ ಅಗೆದು ಒಂದು ಸಣ್ಣ ಕಲ್ಲನ್ನು ತೆಗೆದಳು. ಬೇರೇನು ಮಾಡುವುದೆಂದು ಗೊತ್ತಿರಲಿಲ್ಲ, ಅಷ್ಟೇ. ಮಂಜುಗಡ್ಡೆಯ ಮೇಲೆ ಬಿಸಿಲು ಕಾಯುವ ಸೀಲ್ ಕೆತ್ತತೊಡಗಿದಳು. ಕೈಗಳು ಮೊದಲಿನ ಹಾಗಿರಲಿಲ್ಲ.

ಅದು ಹೆಚ್ಚು ಕಡಿಮೆ ಮುಗಿದಾಗ ಅವಳ ಕೆತ್ತನೆ ಕೊಟ್ಟಿಗೆಯ ಹೊರಗೆ ಕೋಲಿನ ಸದ್ದಾಯಿತು. ಅಡ್ಲಾ ಒಳಗೆ ಬಂದು, ಡಬ್ಬದ ಮೇಲೆ ಕೂತು, ಮರದ ಕಾಲಿನ ಪಟ್ಟಿ ಬಿಚ್ಚಿ ಅದನ್ನು ಒಲೆಯ ಪಕ್ಕಕ್ಕೆ ಇಟ್ಟ. ಅವಳು ತಲೆ ಎತ್ತಲಿಲ್ಲ. ಅರ ಹಿಡಿದ ಕೈ ಮಾತ್ರ ನಿಂತಿತ್ತು. ಅವನು ಅವಳ ಮಡಿಲಲ್ಲಿದ್ದುದನ್ನು ಬಾಗಿ ನೋಡಿದ.

"ಇದೇನು, ನಾಯೀನಾ?"

"ಸೀಲ್," ಎಂದಳು ಉಲಾಯು.

"ಸೀಲ್ ಹೀಗೆ ಕತ್ತೆತ್ತಿದೆ ಅಂದ್ರೆ ಅದು ನಿನ್ನ ನೋಡ್ಬಿಟ್ಟಿದೆ ಅಂತ. ಇನ್ನೊಂದು ಚಣಕ್ಕೆ ನೀರಲ್ಲಿರುತ್ತೆ. ಅಂಥದ್ರ ಹಿಂಗಾಲು ಹೀಗೆ ಸುಮ್ನೆ ಬಿದ್ಕೊಂಡಿರುತ್ತಾ? ಒಳಗೆ ಎಳ್ಕೊಂಡಿರುತ್ತೆ. ಕೊಡಿಲ್ಲಿ."

ಅವನು ಕಲ್ಲನ್ನು ತೆಗೆದುಕೊಂಡು, ಹಿಂಗಾಲಿನ ಮೇಲೆ ಉಗುರಿನಿಂದ ಗೆರೆ ಎಳೆದು ತೋರಿಸಿದ. ಅವನು ಹೇಳಿದ ಹಾಗೆ ಮಾಡಿದರೆ ಐದು ದಿನದ ಕೆಲಸ ಹೋಗುತ್ತಿತ್ತು. ಅವಳು ಇಲ್ಲ ಎಂದಳು, ಮೊದಲು ಹೇಳಬೇಕಿತ್ತು ಎಂದಳು. ಏಳು ತಿಂಗಳು ಆಸ್ಪತ್ರೆ ಮಂಚದಿಂದ ಕೂಗಿ ಹೇಳ್ಬೇಕಿತ್ತಾ ಎಂದು ಅವನು ಕೇಳಿದ. ಇಬ್ಬರೂ ನಗಲಿಲ್ಲ. ಅವಳು ಅರವನ್ನು ಬದಲಿಸಿ, ಒರಟಾದದ್ದನ್ನು ತೆಗೆದುಕೊಂಡು ಹಿಂಗಾಲನ್ನು ಉಜ್ಜತೊಡಗಿದಳು. ಹಸಿರು ಪುಡಿ ಅವನ ಒಂಟಿ ಬೂಟಿನ ಮೇಲೆ ಉದುರಿತು.

"ಇನ್ನೂ ಒಳಗೆ," ಎಂದ ಅಡ್ಲಾ. "ಇನ್ನೂ."