ನೀಲಿ ಮುಚ್ಚಳದ ಡಬ್ಬಿ

ಮೂರು ಮಂಗಳವಾರ ವಚನಾ ಹೀಗೇ ಮಾಡಿದ್ದಳು. ಬಸವೇಶ್ವರನಗರದ ಮನೆಯಿಂದ ಆರು ಗಂಟೆಗೆ ಅಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಡುವುದು, ನಾಗರಬಾವಿಯ ಲ್ಯಾಬಿನ ಮೆಟ್ಟಿಲ ಮೇಲೆ ಅವಳನ್ನು ಬಿಟ್ಟು ಒಳಗೆ ಹೋಗುವುದು, ಎರಡು ಥರ್ಮೋಕೋಲ್ ಡಬ್ಬಿಗಳನ್ನು ತಂದು ಅಮ್ಮನ ತೊಡೆಯ ಮೇಲಿನ ಬಟ್ಟೆ ಚೀಲದಲ್ಲಿಡುವುದು, ಅಲ್ಲಿಂದ ಕೆಂಗೇರಿ ಕಡೆಯ ಆಸ್ಪತ್ರೆಗೆ ಹೋಗುವುದು. ಅಮ್ಮ ಜಯದೇವಿಗೆ ಎಡಗಡೆ ಸ್ತನದ ಆಪರೇಷನ್ ಆಗಿ, ಈಗ ವಾರಕ್ಕೆ ಐದು ದಿನದಂತೆ ಇಪ್ಪತ್ತೈದು ಸಲ ರೇಡಿಯೇಷನ್ ನಡೆಯುತ್ತಿತ್ತು. ಡಬ್ಬಿಯೊಳಗೆ ಇದ್ದದ್ದೂ ಸ್ತನ ಕ್ಯಾನ್ಸರಿನ ಜೀವಕೋಶಗಳೇ. ಐವತ್ತು ವರ್ಷಗಳ ಹಿಂದೆ ಸತ್ತ ಯಾರೋ ಹೆಂಗಸಿನವು. ಆಕೆ ಹೋದ ಮೇಲೂ ಅವು ಒಂದು ಬಾಟಲಿಯಿಂದ ಇನ್ನೊಂದಕ್ಕೆ ದಾಟುತ್ತಾ ಬೆಳೆಯುತ್ತಲೇ ಇವೆ.

ಡಬ್ಬಿಯೊಳಗಿನ ಅಂಗೈಯಗಲದ ಪ್ಲಾಸ್ಟಿಕ್ ಬಾಟಲಿಗಳಲ್ಲಿ ತಿಳಿಗುಲಾಬಿ ದ್ರವ. ಕೋಶಗಳು ಅದರಲ್ಲಿನ ಸಕ್ಕರೆ ತಿಂದು ಆಮ್ಲ ಬಿಟ್ಟಂತೆಲ್ಲ ದ್ರವ ಹಳದಿಗೆ ತಿರುಗುತ್ತದೆ. ವಿಕಿರಣ ತಗುಲಿದ ಕೋಶಗಳು ವಿಭಜನೆ ನಿಲ್ಲಿಸಿದರೂ ತಿನ್ನುವುದನ್ನು ನಿಲ್ಲಿಸುವುದಿಲ್ಲ, ಒಂದೊಂದೂ ಉಬ್ಬಿಕೊಂಡು ಮೊದಲಿಗಿಂತ ಹೆಚ್ಚು ಸಕ್ಕರೆ ತಿನ್ನುತ್ತದೆ ಎನ್ನುವುದು ವಚನಾಳ ಪಿಎಚ್‌ಡಿ ಪ್ರಬಂಧದ ವಾದ. ಅದನ್ನು ತೋರಿಸಲು ಕೆಂಪು ಮುಚ್ಚಳದ ಡಬ್ಬಿ ಆಸ್ಪತ್ರೆಯ ರೇಡಿಯೇಷನ್ ಯಂತ್ರದ ಕೆಳಗೆ ಹೋಗುತ್ತಿತ್ತು. ನೀಲಿ ಮುಚ್ಚಳದ್ದು ಕಂಟ್ರೋಲ್. ಅದೂ ಅಷ್ಟೇ ದೂರ ಸ್ಕೂಟರಿನಲ್ಲಿ ಕುಲುಕಬೇಕು, ಅಷ್ಟೇ ಚಳಿ ತಿನ್ನಬೇಕು, ಅಷ್ಟೇ ಹೊತ್ತು ಆಸ್ಪತ್ರೆಯಲ್ಲಿರಬೇಕು. ವಿಕಿರಣವೊಂದು ಬಿಟ್ಟು ಎಲ್ಲವೂ ಆಗಬೇಕು.

"ಹಂಗಾದ್ರೆ ಇದೇ ಜಾಣ ಡಬ್ಬಿ," ಎಂದಿದ್ದಳು ಜಯದೇವಿ ಮೊದಲ ಸಲ. "ಆಸ್ಪತ್ರೆಗೆ ಬಂದು, ಕೂತು, ಏನೂ ಮಾಡಿಸ್ಕೊಳ್ದೆ ಮನೆಗೆ ಹೋಗೋದು. ನನಗೂ ಒಂದು ನೀಲಿ ಮುಚ್ಚಳ ಹಾಕ್ಸೇ."

ವಚನಾ ನಗಬೇಕೆಂದು ನೆನಪಾಗಿ ನಕ್ಕಿದ್ದಳು. ಜನವರಿಯಲ್ಲಿ ಅಮ್ಮನ ಬಯಾಪ್ಸಿ ರಿಪೋರ್ಟ್ ಬಂದ ದಿನದಿಂದ ಅವಳಿಗೆ ಎಲ್ಲವೂ ಹೀಗೆ ಒಂದು ಗಳಿಗೆ ತಡವಾಗಿ ತಲುಪುತ್ತಿತ್ತು. ಆ ದಿನ ಅವಳು ಮೊದಲ ಪುಟ ಬಿಟ್ಟು ಎರಡನೇ ಪುಟವನ್ನು ಮೊದಲು ಓದಿದ್ದಳು. ಗೆಡ್ಡೆಯ ಜಾತಿ ಯಾವುದೆಂದು ಇರುವುದು ಅಲ್ಲಿ. ಲ್ಯಾಬಿನ ಬಾಟಲಿಯ ಚೀಟಿ ಓದಿದಂತೆ ಓದಿ, ಮಡಚಿ, ಫೈಲಿಗೆ ಹಾಕಿದ್ದಳು. ಅಳು ಬರಲಿಲ್ಲ. ಬರಬಹುದೆಂದು ಎರಡು ದಿನ ಕಾದಳು, ಆಮೇಲೆ ಕಾಯುವುದನ್ನೂ ಬಿಟ್ಟಳು. ಆಪರೇಷನ್ನಿನ ನಂತರ ಜಯದೇವಿಯ ಎಡಗಂಕುಳು ಮರಗಟ್ಟಿತ್ತು. "ಮುಟ್ಟಿದ್ರೆ ಬೇರೆಯವರ ಕೈ ಮುಟ್ದಂಗಿದೆ ಕಣೇ," ಎಂದಾಗ ವಚನಾ ಅದು ನರದ ವಿಷಯ, ಆರು ತಿಂಗಳಾಗಬಹುದು ಎಂದು ವಿವರಿಸಿದ್ದಳು.

ಮೊದಲೆರಡು ಸುತ್ತುಗಳಲ್ಲಿ ಫಲಿತಾಂಶ ಅಚ್ಚುಕಟ್ಟಾಗಿತ್ತು. ಮೂರು ದಿನಗಳ ನಂತರ ಅಳೆದಾಗ ಕೆಂಪು ಡಬ್ಬಿಯ ಕೋಶ ಒಂದೊಂದೂ ನೀಲಿಯದರ ಒಂದೂವರೆ ಪಟ್ಟು ಸಕ್ಕರೆ ತಿಂದಿತ್ತು. ಮೂರನೆಯದೂ ಹಾಗೇ ಬಂದರೆ ಸಾಕು. ಮೂರು ಸುತ್ತು ಒಂದೇ ಮಾತು ಹೇಳಿದರೆ ಮಾತ್ರ ಅದು ಮಾತು. ಪ್ರಬಂಧ ಸಲ್ಲಿಸುವ ಮುಂಚಿನ ಮೌಖಿಕ ಪರೀಕ್ಷೆಗೆ ಎರಡು ವಾರ ಉಳಿದಿತ್ತು.

ಮೂರನೇ ಸುತ್ತಿನ ಶುಕ್ರವಾರ ಅವಳು ಇನ್‌ಕ್ಯುಬೇಟರಿನ ಬಾಗಿಲು ತೆಗೆದಾಗ ಎಲ್ಲ ಬಾಟಲಿಗಳೂ ಒಂದೇ ಹಳದಿಯಾಗಿದ್ದವು. ಕೋಶಗಳನ್ನು ಎಣಿಸಿದಳು, ಸಕ್ಕರೆ ಅಳೆದಳು, ಮತ್ತೆ ಅಳೆದಳು. ವ್ಯತ್ಯಾಸವೇ ಇಲ್ಲ. ವಿಕಿರಣ ಸೋಕದ ಕೋಶಗಳೂ ಅಷ್ಟೇ ತಿಂದಿದ್ದವು.

ಸಂಜೆ ಅಡುಗೆಮನೆಯಲ್ಲಿ ನಿಂತು ಗೈಡ್ ಚನ್ನವೀರೇಶ್ ಸರ್‌ಗೆ ಫೋನ್ ಮಾಡಿದಳು. "ಕಂಟ್ರೋಲೇ ಸರಿಯಿಲ್ಲ ಸಾರ್. ಕಾರಣ ಗೊತ್ತಾಗ್ತಿಲ್ಲ. ಕಾರಣ ಇಲ್ದೆ ಸುತ್ತನ್ನ ಬಿಡೋಕಾಗಲ್ಲ." ಅವರು ಯೋಚಿಸೋಣ ಎಂದರು. ಫೋನ್ ಇಟ್ಟು ತಿರುಗಿದರೆ ಜಯದೇವಿ ಸಾರಿನ ಪಾತ್ರೆಯ ಮುಚ್ಚಳ ಹಿಡಿದು ನಿಂತಿದ್ದಳು.

"ಅವತ್ತು ನಾನು ಒಂದು ತಪ್ಪು ಮಾಡ್ದೆ ಕಣೇ."

"ಏನಮ್ಮ?"

"ನೀನು ಫೈಲಿಗೆ ಸೀಲ್ ಹಾಕ್ಸೋಕೆ ಕೆಳಗೆ ಹೋಗಿದ್ಯಲ್ಲ, ಆಗ ನನ್ನ ಟರ್ನ್ ಬಂತು. ಯಾರ ಕೈಗೂ ಕೊಡ್ಬೇಡ ಅಂದಿದ್ದೆ ನೀನು. ಆ ನೀಲಿ ಡಬ್ಬೀನ ಒಳಗೇ ತಗೊಂಡ್ಹೋದೆ. ಮಂಚದ ಪಕ್ಕದ ಕುರ್ಚಿ ಮೇಲಿಟ್ಟಿದ್ದೆ. ಅದಕ್ಕೂ ಬಿದ್ದಿರತ್ತೆ, ಅಲ್ವಾ?"

ವಚನಾ ಅಮ್ಮನ ಮುಖ ನೋಡಿದಳು. ಬೈಯಬೇಕಿತ್ತು, ಬೈಗುಳ ಬರಲಿಲ್ಲ. ಬಂದದ್ದು ಬಿಗಿದ ಭುಜಗಳು ಇಳಿದ ಅನುಭವ ಮಾತ್ರ. ಕಾರಣ ಸಿಕ್ಕಿತ್ತು.

ರೂಮಿಗೆ ಹೋಗಿ ಲ್ಯಾಬ್ ನೋಟ್‌ಬುಕ್ ತೆಗೆದಳು. ಅದರಲ್ಲಿ ಪೆನ್ಸಿಲ್ ಮುಟ್ಟುವಂತಿಲ್ಲ, ಹಾಳೆ ಹರಿಯುವಂತಿಲ್ಲ. ತಪ್ಪು ಬರೆದರೆ ಅದರ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ, ತಾರೀಕು ಹಾಕಬೇಕು. ಕೆಳಗಿನ ಅಕ್ಷರ ಓದಲು ಸಿಗಬೇಕು. ನೀಲಿ ಶಾಯಿಯಲ್ಲಿ ಬರೆದಳು: "ಮೂರನೇ ಸುತ್ತು. ಕಂಟ್ರೋಲ್ ಡಬ್ಬಿ ವಿಕಿರಣದ ಕೋಣೆಯೊಳಗೆ ಹೋಗಿತ್ತು, ಜಯದೇವಿಯವರ ಹೇಳಿಕೆ. ಸುತ್ತು ರದ್ದು."

ಸೋಮವಾರ ಸರ್ ಅದನ್ನು ಓದಿ ಕನ್ನಡಕ ತೆಗೆದು ನಕ್ಕರು. "ಅಮ್ಮನಿಗೆ ನನ್ನ ಥ್ಯಾಂಕ್ಸ್ ಹೇಳಮ್ಮ. ಇದು ಬಿಟ್ಟಾಯ್ತು. ನವೆಂಬರಲ್ಲಿ ಮಾಡಿದ್ಯಲ್ಲ ಟ್ರಯಲ್, ಅದನ್ನೇ ಮೂರನೇದು ಅಂತ ಸೇರಿಸು. ಆದ್ರೆ ಎಷ್ಟು ಡೋಸ್ ಬಿತ್ತು ಅಂತ ಒಂದು ಅಂದಾಜು ಬರಿ. ಪರೀಕ್ಷಕರು ಕೇಳ್ತಾರೆ."

ಹಾಗಾಗಿ ಮಂಗಳವಾರ, ಅಮ್ಮನ ಇಪ್ಪತ್ತೆರಡನೇ ಸರದಿಯ ದಿನ, ಡಬ್ಬಿಗಳಿಲ್ಲದಿದ್ದರೂ ವಚನಾ ಅಳತೆ ಟೇಪು ಹಿಡಿದು ಹೋದಳು. ಜಯದೇವಿ ಬಟ್ಟೆ ಬದಲಿಸಲು ಹೋದಾಗ, ಯಂತ್ರ ನಡೆಸುವ ಕೋಕಿಲಾಳನ್ನು ಕೇಳಿದಳು. "ಮಂಚದಿಂದ ಆ ಕುರ್ಚಿ ಎಷ್ಟು ದೂರ ಇರತ್ತೆ? ಹೋದ ವಾರ ಅಮ್ಮ ಡಬ್ಬಿ ಇಟ್ಟಿದ್ರಲ್ಲ, ಅಲ್ಲಿಗೆ."

"ಯಾವ ಕುರ್ಚಿ ಮೇಡಂ?" ಕೋಕಿಲಾ ಕಂಪ್ಯೂಟರಿನಿಂದ ತಲೆ ಎತ್ತಿದಳು. "ಒಳಗೆ ಕುರ್ಚಿನೇ ಇಲ್ವಲ್ಲ. ಬಳೆ ಕೂಡ ಬಿಡಲ್ಲ ನಾನು, ಡಬ್ಬಿ ಬಿಡ್ತೀನಾ? ನೋಡಿ, ಇಲ್ಲಿಟ್ಟಿದ್ದೆ, ನನ್ನ ಟಿಫನ್ ಕ್ಯಾರಿಯರ್ ಪಕ್ಕ. ನಿಮ್ಮಮ್ಮ ಮೂರು ಸಲ ಹೇಳಿದ್ರು, ನನ್ನ ಮಗಳದ್ದು, ಅಲ್ಲಾಡಿಸ್ಬೇಡಮ್ಮ ಅಂತ. ಆಮೇಲೆ ಮಲಗಿದ ಮೇಲೂ ಕೇಳಿದ್ರು, ಡಬ್ಬಿ ಇದ್ಯಾ ಅಂತ. ಮೈಕಲ್ಲಿ ಹೇಳ್ದೆ, ಇದೆ ಅಮ್ಮ, ಊಟಕ್ಕೆ ಬಿಚ್ಚಲ್ಲ ಅಂತ."

ಕೋಕಿಲಾ ನಕ್ಕಳು. ಅವಳ ಹಿಂದಿನ ಗೋಡೆ ಮೊಳಕ್ಕಿಂತ ಹೆಚ್ಚು ದಪ್ಪ, ವಿಕಿರಣ ಅದನ್ನು ದಾಟುವುದಿಲ್ಲ ಎಂದು ವಚನಾಳಿಗೆ ಗೊತ್ತಿತ್ತು. ಪರದೆಯಲ್ಲಿ ಅಮ್ಮ ಮಂಚ ಹತ್ತಿ ಎಡಗೈಯನ್ನು ಬಲಗೈಯಿಂದಲೇ ಎತ್ತಿ ತಲೆಯ ಮೇಲಿಡುವುದು ಕಾಣಿಸುತ್ತಿತ್ತು. ಕೋಣೆಯ ಯಾವ ಮೂಲೆಯಲ್ಲೂ ಕುರ್ಚಿ ಇರಲಿಲ್ಲ. ವಚನಾ ಟೇಪನ್ನು ಚೀಲಕ್ಕೆ ಹಾಕಿದಳು.

ಅಮ್ಮನನ್ನು ಆಟೋ ಹತ್ತಿಸಿ ಲ್ಯಾಬಿಗೆ ಬಂದಳು. ನೋಟ್‌ಬುಕ್ ತೆರೆದು ಕೂತಳು. ಸುಮ್ಮನಿರಬಹುದಿತ್ತು. ಕೋಕಿಲಾಳನ್ನು ಯಾರೂ ಕೇಳುವುದಿಲ್ಲ. ಮೌಖಿಕ ಹೇಳಿದ ದಿನಕ್ಕೇ ಮುಗಿಯುತ್ತದೆ, ಅಮ್ಮ ಅದನ್ನು ಕಣ್ಣಾರೆ ನೋಡುತ್ತಾಳೆ. ಆದರೆ ನೀಲಿ ಡಬ್ಬಿಯ ಕೋಶಗಳು ತಿಂದದ್ದು ತಿಂದಿದ್ದವು. ಅದು ಯಾಕೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೇ ಈಗ ಅಲ್ಲಿರಬೇಕಾದ ವಾಕ್ಯ. ಸ್ಕೇಲ್ ಇಟ್ಟು ಆ ಸಾಲುಗಳ ಮೇಲೆ ಗೆರೆ ಎಳೆದಳು. ಸಹಿ ಹಾಕಿ ತಾರೀಕು ಬರೆದಳು. ಕೆಳಗೆ, "ಡಬ್ಬಿ ಒಳಗೆ ಹೋಗಿರಲಿಲ್ಲ. ಕಾರಣ ತಿಳಿದಿಲ್ಲ. ಸುತ್ತು ಉಳಿಯುತ್ತದೆ." ಗೆರೆಯ ಅಡಿಯಲ್ಲಿ ಅಮ್ಮನ ಹೆಸರು ಸ್ಪಷ್ಟವಾಗಿ ಓದಲು ಬರುತ್ತಿತ್ತು. ಅದನ್ನು ಎಷ್ಟು ಹೊತ್ತು ನೋಡಿದಳೋ, ಪಕ್ಕದ ಯಂತ್ರ ತನ್ನ ಕೆಲಸ ಮುಗಿಸಿ ಬೀಪ್ ಎಂದು ಕೂಗಿಕೊಳ್ಳುತ್ತಿದ್ದುದು ತಡವಾಗಿ ಕೇಳಿಸಿತು.

ಸರ್ ಈ ಸಲ ಕನ್ನಡಕ ತೆಗೆಯಲಿಲ್ಲ. "ಮೌಖಿಕ ಮೂರು ತಿಂಗಳು ಮುಂದಕ್ಕೆ ಹೋಗತ್ತೆ, ಗೊತ್ತಲ್ಲ?"

"ಗೊತ್ತು ಸಾರ್."

"ಇನ್ನೂ ಮೂರು ಸುತ್ತು ಮಾಡ್ಬೇಕು. ಫಲಿತಾಂಶ ಉಲ್ಟಾ ಆದ್ರೂ ಆಗಬಹುದು."

"ಹೂಂ ಸಾರ್."

ಅವರು ಅವಳ ಮುಖವನ್ನೇ ನೋಡಿದರು. ಏನೂ ಸಿಗಲಿಲ್ಲವೇನೋ, ಪೆನ್ ಹುಡುಕಿ ಗೆರೆಯ ಪಕ್ಕದಲ್ಲಿ ತಮ್ಮ ಸಹಿಯನ್ನೂ ಹಾಕಿದರು.

ಸಂಜೆ ಮನೆಗೆ ಬಂದಾಗ ಜಯದೇವಿ ಟಿವಿಯ ಮುಂದೆ ಕೂತು ಬಲಗೈಯೊಂದರಲ್ಲೇ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. "ಏನಂದ್ರೇ ನಿಮ್ಮ ಸರ್? ಆ ಮೂರನೇದು ಬಿಟ್ರು ತಾನೆ?"

"ಇಲ್ಲಮ್ಮ. ಇಟ್ಕೊಂಡಿದೀವಿ." ವಚನಾ ಚಪ್ಪಲಿ ಬಿಟ್ಟು ಒಳಗೆ ಬಂದಳು. "ಕೋಕಿಲಾ ಜೊತೆ ಮಾತಾಡ್ದೆ."

ಜಯದೇವಿಯ ಬೆರಳು ಒಂದು ದಂಟಿನ ಮೇಲೆ ನಿಂತಿತು. ಆಮೇಲೆ ಎಲೆ ಕಿತ್ತಳು. "ಆ ಹುಡುಗಿಗೆ ಬಾಯಿ ಜಾಸ್ತಿ."

ವಚನಾ ಪಕ್ಕದಲ್ಲಿ ಕೂತು, ಬುಟ್ಟಿಯಿಂದ ಒಂದು ಹಿಡಿ ಸೊಪ್ಪು ತೆಗೆದುಕೊಂಡಳು. ಟಿವಿಯಲ್ಲಿ ಯಾರೋ ಚಿನ್ನದ ಬಗ್ಗೆ ಕಿರುಚುತ್ತಿದ್ದರು.

"ಇನ್ನೂ ಮೂರು ಮಂಗಳವಾರ ಹೋಗ್ಬೇಕು," ಎಂದಳು ವಚನಾ.

"ನಂದು ಈ ಶುಕ್ರವಾರಕ್ಕೆ ಮುಗಿಯುತ್ತಲ್ಲೇ. ಡಬ್ಬಿ ಯಾರು ಹಿಡ್ಕೋತಾರೆ?"

"ನೀನೇ ಬಾ."

"ನಾನ್ಯಾಕೆ? ನನಗೇನಿದೆ ಅಲ್ಲಿ?"

"ಏನಿಲ್ಲ. ಬಂದು, ಕೂತು, ಏನೂ ಮಾಡಿಸ್ಕೊಳ್ದೆ ಮನೆಗೆ ಬರೋದು."

ಜಯದೇವಿ ಮಗಳ ಕಡೆ ತಿರುಗಲಿಲ್ಲ. ಬಿಡಿಸಿದ ಸೊಪ್ಪನ್ನು ತಟ್ಟೆಯ ಒಂದು ಬದಿಗೆ ಸರಿಸಿದಳು. "ಆರೂವರೆಗೆ ಹೊರಡೋಣ ಹಂಗಾದ್ರೆ," ಎಂದಳು. "ಆರಕ್ಕೆ ಚಳಿ."